ಕೈಗಡಿಯಾರವೂ ಅಚೌರ್ಯಾಣುವ್ರತವೂ

ಅಚೌರ್ಯಾಣುವ್ರತದ ವಿಚಾರ ಬಂದಾಗ ಪ್ರವಚನಗಳಲ್ಲಿಯೂ ಪಾಠಶಾಲೆಗಳಲ್ಲಿಯೂ ಸಾಮಾನ್ಯವಾಗಿ ಕೇಳಿಬರುವುದು ಮಾರುವವನ ಕರ್ತವ್ಯ. ತಕ್ಕಡಿ ಸರಿಯಾಗಿರಬೇಕು, ಅಳತೆ ತುಂಬಿರಬೇಕು, ಸರಕಿನಲ್ಲಿ ಬೆರಕೆ ಇರಬಾರದು ಎಂಬ ಉಪದೇಶವೆಲ್ಲ ಅಂಗಡಿಯಲ್ಲಿ ಕುಳಿತವನಿಗೆ. ಎದುರಿಗೆ ನಿಂತು ಹಣ ಕೊಡುವವನು ಮೋಸಹೋಗದಂತೆ ಎಚ್ಚರವಾಗಿದ್ದರೆ ಸಾಕು, ಅವನ ಮೇಲೆ ವ್ರತದ ಭಾರವೇನೂ ಇಲ್ಲ ಎಂಬ ಭಾವನೆ ಹೇಗೋ ಬೇರೂರಿದೆ. ಆದರೆ ಆಚಾರ್ಯರು ಎಣಿಸಿದ ಅತಿಚಾರಗಳನ್ನು ಗಮನವಿಟ್ಟು ನೋಡಿದರೆ, ಕೊಳ್ಳುವವನಿಗೆ ಸಲ್ಲುವ ಮಾತೂ ಅವುಗಳಲ್ಲಿ ಸ್ಪಷ್ಟವಾಗಿಯೇ ಇದೆ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಕಳವಿಗೆ ಪ್ರೇರಣೆ ಕೊಡುವುದು ಸ್ತೇನಪ್ರಯೋಗ. ಕದ್ದು ತಂದ ವಸ್ತುವನ್ನು ಸ್ವೀಕರಿಸುವುದು ತದಾಹೃತಾದಾನ. ರಾಜ್ಯದ ನಿಯಮವನ್ನು ಮೀರಿ ವ್ಯವಹರಿಸುವುದು ವಿರುದ್ಧರಾಜ್ಯಾತಿಕ್ರಮ. ಕೊಡುವಾಗ ಕಡಿಮೆ, ಕೊಳ್ಳುವಾಗ ಹೆಚ್ಚು ಅಳೆಯುವುದು ಹೀನಾಧಿಕಮಾನೋನ್ಮಾನ. ಅಸಲಿನಂತೆ ತೋರುವ ನಕಲಿಯಿಂದ ವ್ಯವಹರಿಸುವುದು ಪ್ರತಿರೂಪಕ ವ್ಯವಹಾರ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಕೊನೆಯದನ್ನು ಸದೃಶಸನ್ಮಿಶ್ರವೆಂದು ಕರೆದಿದ್ದಾರೆ. ಈ ಐದರಲ್ಲಿ ಎರಡನೆಯದು ನೇರವಾಗಿ ತೆಗೆದುಕೊಳ್ಳುವವನದೇ ದೋಷ. ಉಳಿದವುಗಳಲ್ಲಿಯೂ ಅವನು ಪಾಲುದಾರನಾಗಬಲ್ಲನು. ಮಾರುಕಟ್ಟೆಯೇ ಮನೆಯೊಳಗೆ, ಅಂಗೈಯ ಮೇಲಿನ ಪರದೆಯೊಳಗೆ ಬಂದು ಕುಳಿತಿರುವ ಇಂದಿನ ದಿನಗಳಲ್ಲಿ ಈ ಅಂಶವನ್ನು ಮತ್ತೆ ಆಲೋಚಿಸುವುದು ಅಗತ್ಯ. ತರುಣನೊಬ್ಬನು ತನ್ನ ಮೊದಲ ಕೈಗಡಿಯಾರವನ್ನು ಆನ್‌ಲೈನಿನಲ್ಲಿ ತರಿಸಿಕೊಂಡ ಪ್ರಸಂಗ ಇದಕ್ಕೆ ತಕ್ಕ ಉದಾಹರಣೆ.

ವೇಣೂರಿನ ಸಮೀಪದ ಹಳ್ಳಿಯಿಂದ ಬೆಂಗಳೂರಿಗೆ ಉದ್ಯೋಗಕ್ಕೆಂದು ಹೋದ ಆ ತರುಣನಿಗೆ ಗಡಿಯಾರದ ಅಗತ್ಯ ಬಂದದ್ದು ಅಲಂಕಾರಕ್ಕಾಗಿ ಅಲ್ಲ. ರಾತ್ರಿಭೋಜನ ತ್ಯಾಗವನ್ನು ಮನೆಯಲ್ಲಿದ್ದಾಗ ಮನೆಯವರೇ ನಡೆಸಿಕೊಡುತ್ತಿದ್ದರು. ನಗರದ ಕಚೇರಿಯಲ್ಲಿ, ಹಗಲಿರುಳೂ ಒಂದೇ ಬೆಳಕು ಉರಿಯುವ ಕೋಣೆಯಲ್ಲಿ, ಸೂರ್ಯಾಸ್ತವು ಸಮೀಪಿಸಿದುದೇ ತಿಳಿಯುತ್ತಿರಲಿಲ್ಲ. ಮುಂಜಾನೆಯ ಸಾಮಾಯಿಕಕ್ಕೆ 2 ಘಳಿಗೆ, ಎಂದರೆ 48 ನಿಮಿಷಗಳ ಅವಧಿಯನ್ನು ಗುರುತಿಸಬೇಕಾಗಿತ್ತು. ಮೊಬೈಲ್ ಫೋನಿನಲ್ಲಿ ಸಮಯ ಕಾಣುವುದು ನಿಜವಾದರೂ, ಸಮಯ ನೋಡಲೆಂದು ಅದನ್ನು ಕೈಗೆತ್ತಿಕೊಂಡವನು ಬಂದಿರುವ ಸಂದೇಶಗಳನ್ನು ನೋಡದೆ ಕೆಳಗಿಡುವುದು ಅಪರೂಪ. ಸಮಯವನ್ನು ತಿಳಿಸುವುದರ ಹೊರತು ಬೇರೇನನ್ನೂ ಮಾಡದ ಸಾಧನವೊಂದು ಅವನಿಗೆ ಬೇಕಾಯಿತು. ಪರಿಗ್ರಹಪರಿಮಾಣದ ದೃಷ್ಟಿಯಿಂದ ಅವನು ಹುಡುಕಾಟಕ್ಕೆ ಮೊದಲೇ ಎರಡು ಮಿತಿಗಳನ್ನು ಹಾಕಿಕೊಂಡನು: ಗಡಿಯಾರ ಒಂದೇ, ಬೆಲೆ 3,000 ರೂಪಾಯಿಗಳ ಒಳಗೆ.

ಕೈಗಡಿಯಾರವನ್ನು ಕೊಳ್ಳುವ ಕ್ರಮ ಹಿಂದೆ ಬೇರೆಯಾಗಿತ್ತು. ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದೊಡನೆ ಬೆಂಗಳೂರಿನಲ್ಲಿ ಎಚ್‌ಎಂಟಿ ಗಡಿಯಾರದ ಕಾರ್ಖಾನೆ 1961ರಲ್ಲಿ ಆರಂಭವಾದ ಬಳಿಕ, ಪರೀಕ್ಷೆಯಲ್ಲಿ ತೇರ್ಗಡೆಯಾದ ಮಗನಿಗೆ, ಮದುವೆಯ ಅಳಿಯನಿಗೆ ಎಚ್‌ಎಂಟಿ ಗಡಿಯಾರವನ್ನು ಕೊಡುವುದು ಕನ್ನಡ ನಾಡಿನ ರೂಢಿಯೇ ಆಯಿತು. ಕೊಳ್ಳುವವನು ಅಂಗಡಿಗೆ ಹೋಗಿ, ಗಡಿಯಾರವನ್ನು ಕೈಗೆ ಕಟ್ಟಿ ನೋಡಿ, ಕಿವಿಗೆ ಹಿಡಿದು ಅದರ ಸದ್ದನ್ನು ಕೇಳಿ, ಅಂಗಡಿಯ ಮೊಹರು ಬಿದ್ದ ಗ್ಯಾರಂಟಿ ಚೀಟಿಯನ್ನು ಪಡೆದು ಮನೆಗೆ ಬರುತ್ತಿದ್ದನು. ಆ ಕಾಲವೂ ನಿರ್ದೋಷವಾಗಿರಲಿಲ್ಲ. ಸುಂಕ ತಪ್ಪಿಸಿ ಬಂದ ವಿದೇಶಿ ಗಡಿಯಾರಗಳನ್ನು ಹೆಮ್ಮೆಯಿಂದ ಧರಿಸಿದವರು ಅಂದೂ ಇದ್ದರು. ಆದರೂ ಕಣ್ಣು, ಕಿವಿ, ಬೆರಳುಗಳು ಮಾಡುತ್ತಿದ್ದ ಪರೀಕ್ಷೆ ಅಂದು ಸಾಧ್ಯವಿತ್ತು. ಪರದೆಯ ಮುಂದೆ ಕುಳಿತವನಿಗೆ ಆ ಇಂದ್ರಿಯಗಳ ನೆರವಿಲ್ಲ. ಅವನು ಪ್ರತಿಯೊಂದನ್ನೂ ಓದಿ ತಿಳಿಯಬೇಕು, ಬರೆದಿಲ್ಲದುದನ್ನು ಕೇಳಿ ತಿಳಿಯಬೇಕು.

ಜೈನ ಸಿದ್ಧಾಂತವು ಒಂದು ಕ್ರಿಯೆಯನ್ನು ಸಂರಂಭ, ಸಮಾರಂಭ, ಆರಂಭವೆಂದು ಮೂರು ಹಂತಗಳಾಗಿ ವಿಂಗಡಿಸುತ್ತದೆ. ಮನಸ್ಸಿನಲ್ಲಿ ಸಂಕಲ್ಪಿಸುವುದು ಮೊದಲನೆಯದು, ಸಾಧನಗಳನ್ನು ಕೂಡಿಸುವುದು ಎರಡನೆಯದು, ಕಾರ್ಯಕ್ಕೆ ತೊಡಗುವುದು ಮೂರನೆಯದು. ಅಂಗಡಿಗೆ ನಡೆದುಹೋಗುವ ದಾರಿಯಲ್ಲಿ ಎರಡನೆಯ ಹಂತಕ್ಕೆ ತಾನಾಗಿಯೇ ಕಾಲಾವಕಾಶ ದೊರೆಯುತ್ತಿತ್ತು. ಇಂದು ಬಯಕೆಗೂ ಹಣ ಪಾವತಿಗೂ ನಡುವೆ ಬೆರಳಿನ ಒಂದು ಸ್ಪರ್ಶವಷ್ಟೇ ಅಂತರ. ‘ಎರಡೇ ಉಳಿದಿವೆ’, ‘ಹತ್ತು ನಿಮಿಷಗಳಲ್ಲಿ ರಿಯಾಯಿತಿ ಮುಗಿಯುತ್ತದೆ’ ಎಂಬ ಸೂಚನೆಗಳು ಆ ಅಂತರವನ್ನೂ ಅಳಿಸಲು ಯತ್ನಿಸುತ್ತವೆ. ಇಂತಹ ಹುಸಿ ಅವಸರವನ್ನು ಹುಟ್ಟಿಸುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ ತಿಂಗಳಿನಲ್ಲಿ ಹೊರಡಿಸಿದ ಮಾರ್ಗಸೂಚಿಗಳಲ್ಲಿ ನಿಷೇಧಿಸಿದೆ. ಶ್ರಾವಕನಿಗೆ ಇದರ ಅರ್ಥ ಇನ್ನೂ ಆಳವಾದುದು. ಅವಸರವು ಪ್ರಮಾದದ ಒಡಹುಟ್ಟು. ಪ್ರಮಾದವೇ ಹಿಂಸೆಯ ಮೂಲವೆಂದು ಆಗಮ ಸಾರುತ್ತದೆ. ವಿವರಗಳನ್ನು ಪರಿಶೀಲಿಸುವುದೆಂದರೆ ಕೈಬಿಟ್ಟುಹೋಗಿರುವ ಎರಡನೆಯ ಹಂತವನ್ನು ಪುನಃ ಸ್ಥಾಪಿಸಿಕೊಳ್ಳುವುದು.

ತರುಣನಿಗೆ ಮೊದಲು ಎದುರಾದುದು ಪ್ರತಿರೂಪಕ ವ್ಯವಹಾರ. ಲಕ್ಷಾಂತರ ರೂಪಾಯಿ ಬೆಲೆಬಾಳುವ ಸ್ವಿಸ್ ಗಡಿಯಾರದ ಹೆಸರು, ಲಾಂಛನ, ಆಕಾರಗಳನ್ನೇ ಹೊತ್ತ ಗಡಿಯಾರವೊಂದು 2,200 ರೂಪಾಯಿಗಳಿಗೆ ದೊರೆಯುತ್ತಿತ್ತು. ಮಾರುವವನು ಅದನ್ನು ಮರೆಮಾಚಿರಲಿಲ್ಲ. ‘ಫಸ್ಟ್ ಕಾಪಿ’ ಎಂದು ಬಹಿರಂಗವಾಗಿಯೇ ಬರೆದಿದ್ದನು. ಕೋಣೆಯಲ್ಲಿ ಜೊತೆಗಿದ್ದ ಗೆಳೆಯರು, ನಕಲಿಯೆಂದು ಹೇಳಿಯೇ ಮಾರುವಾಗ ಮೋಸವೆಲ್ಲಿದೆ, ಕೊಳ್ಳುವವನಿಗೂ ಗೊತ್ತು, ಕೊಡುವವನಿಗೂ ಗೊತ್ತು ಎಂದು ವಾದಿಸಿದರು. ವಾದ ಮೇಲ್ನೋಟಕ್ಕೆ ಸರಿಯೆನಿಸಿತು. ತರುಣನು ಎರಡು ದಿನ ಆಲೋಚಿಸಿದನು. ಈ ವ್ಯವಹಾರದಲ್ಲಿ ಮೂರನೆಯವರೂ ಇದ್ದಾರೆಂಬುದು ಅವನಿಗೆ ಆಗ ಹೊಳೆಯಿತು. ಯಾರ ಹೆಸರನ್ನು ಕದಿಯಲಾಗಿದೆಯೋ ಅವರು ಒಬ್ಬರು; ಅವನ ಮಣಿಕಟ್ಟನ್ನು ನೋಡಿ ಅದನ್ನು ಅಸಲಿಯೆಂದು ನಂಬುವ ದಾರಿಹೋಕರು ಮತ್ತೊಬ್ಬರು. ಕೊಳ್ಳುವಾಗ ಮೋಸವಿಲ್ಲದಿದ್ದರೂ ಧರಿಸಿದ ಪ್ರತಿದಿನವೂ ಆ ಗಡಿಯಾರ ಅವನ ಪರವಾಗಿ ಒಂದು ಸುಳ್ಳನ್ನು ಹೇಳುತ್ತಲೇ ಇರುತ್ತಿತ್ತು. ಅಚೌರ್ಯದೊಡನೆ ಸತ್ಯಾಣುವ್ರತಕ್ಕೂ ಅದರಿಂದ ಕುಂದು. ಇತರರ ವ್ಯಾಪಾರಚಿಹ್ನೆಯನ್ನು ಅಕ್ರಮವಾಗಿ ಬಳಸಿದ ಸರಕನ್ನು ಮಾರುವುದು 1999ರ ವ್ಯಾಪಾರಚಿಹ್ನೆಗಳ ಕಾಯಿದೆಯಂತೆ ಶಿಕ್ಷಾರ್ಹವಾದುದರಿಂದ ವಿರುದ್ಧರಾಜ್ಯಾತಿಕ್ರಮದ ನೆರಳೂ ಅದರ ಮೇಲಿತ್ತು. ಅವನು ಅದನ್ನು ಬಿಟ್ಟನು.

ಹಳೆಯ ಎಚ್‌ಎಂಟಿ ಗಡಿಯಾರವನ್ನು ಕೊಳ್ಳುವ ಆಸೆಯೂ ಅವನಿಗಿತ್ತು. ಆ ಗಡಿಯಾರ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸರಕಾರ 2016ರ ಜನವರಿಯಲ್ಲಿ ಒಪ್ಪಿಗೆ ನೀಡಿದ ಮೇಲೆ ಹಳೆಯ ಗಡಿಯಾರಗಳ ಮೇಲಿನ ಮಮತೆ ಹೆಚ್ಚಿದೆ. ಆದರೆ ಹಳೆಯ ಡಯಲಿಗೆ ಹೊಸ ಬಣ್ಣ ಬಳಿದು, ಕಾರ್ಖಾನೆ ಎಂದೂ ತಯಾರಿಸದ ಬಣ್ಣಗಳಲ್ಲಿ, ಬೇರೆಬೇರೆ ಗಡಿಯಾರಗಳ ಭಾಗಗಳನ್ನು ಕೂಡಿಸಿ ಮಾರುವ ಪದ್ಧತಿಯೂ ಬೆಳೆದಿದೆ. ಸಮಂತಭದ್ರಾಚಾರ್ಯರ ಸದೃಶಸನ್ಮಿಶ್ರಕ್ಕೆ ಇದಕ್ಕಿಂತ ಸಮೀಪದ ಉದಾಹರಣೆ ಬೇಕಿಲ್ಲ. ಒಮ್ಮೆ ಬಳಸಿದ ಗಡಿಯಾರವು ಮೊದಲು ಯಾರದಾಗಿತ್ತು, ಮಾರುವವನ ಕೈಗೆ ಹೇಗೆ ಬಂತು ಎಂಬುದಕ್ಕೆ ರಸೀತಿಯಿಲ್ಲದಿದ್ದರೆ ತದಾಹೃತಾದಾನದ ಸಂಶಯವೂ ಉಳಿಯುತ್ತದೆ. ನಂಬಿಕೆಯ ಮಾರಾಟಗಾರನ ಪರಿಚಯ ಇಲ್ಲದುದರಿಂದ ತರುಣನು ಆ ದಾರಿಯನ್ನೂ ಕೈಬಿಟ್ಟು, ಸಾಧಾರಣವಾದ ಹೊಸ ಗಡಿಯಾರವನ್ನೇ ಹುಡುಕತೊಡಗಿದನು.

ಅಳತೆಯ ವಿಷಯದಲ್ಲಿ ಎರಡು ಎಚ್ಚರಿಕೆಗಳು ಅವನಿಗೆ ಅಗತ್ಯವಾದವು. ಚಿತ್ರದಲ್ಲಿ ಎಲ್ಲ ಗಡಿಯಾರಗಳೂ ಒಂದೇ ಗಾತ್ರದವೆಂಬಂತೆ ಕಾಣುತ್ತವೆ. 36 ಮಿಲಿಮೀಟರಿನದು ಯಾವುದು, 44 ಮಿಲಿಮೀಟರಿನದು ಯಾವುದು ಎಂಬುದು ಅಂಕಿಗಳನ್ನು ಓದಿದರೆ ಮಾತ್ರ ತಿಳಿಯುತ್ತದೆ. ಅವನು ಮಣಿಕಟ್ಟಿಗೆ ದಾರವನ್ನು ಸುತ್ತಿ, ಅದನ್ನು ಅಳತೆಪಟ್ಟಿಯ ಮೇಲಿಟ್ಟು ಅಳೆದು, ಕಾಗದದಲ್ಲಿ 38 ಮಿಲಿಮೀಟರಿನ ವೃತ್ತವೊಂದನ್ನು ಕತ್ತರಿಸಿ ಕೈಮೇಲಿಟ್ಟು ನೋಡಿದನು. ಎರಡನೆಯದು ನೀರಿನ ವಿಚಾರ. 30 ಮೀಟರ್ ಎಂಬ ಅಂಕಿಯನ್ನು ನೋಡಿ ಅಷ್ಟು ಆಳಕ್ಕೆ ಇಳಿಯಬಹುದೆಂದು ಭಾವಿಸುವವರಿದ್ದಾರೆ. ಅದು ನಿಶ್ಚಲವಾದ ಒತ್ತಡದಲ್ಲಿ ಮಾಡಿದ ಪರೀಕ್ಷೆಯ ಸೂಚಕ; ಕೈತೊಳೆಯುವಾಗ ಸಿಡಿಯುವ ನೀರು, ತುಂತುರು ಮಳೆ ಇವನ್ನು ಆ ಗಡಿಯಾರ ತಡೆದೀತು, ಈಜಿಗೆ ಅದು ತಕ್ಕುದಲ್ಲ. ಅಳತೆಯನ್ನು ಅರಿಯದೆ ಕೊಂಡು, ಗಡಿಯಾರದೊಳಗೆ ನೀರು ಸೇರಿದಾಗ ಮಾರಿದವನನ್ನು ವಂಚಕನೆಂದು ದೂಷಿಸುವವನು ಸುಳ್ಳು ಅಳತೆಯ ದೋಷವನ್ನು ತಾನೇ ಮಾಡಿದಂತಾಗುತ್ತದೆ.

ಕೊನೆಗೆ ಒಂದು ಗಡಿಯಾರ ಎಲ್ಲ ಬಗೆಯಲ್ಲಿಯೂ ಒಪ್ಪಿಗೆಯಾಯಿತು. ಬೆಲೆ ಮಿತಿಯೊಳಗಿತ್ತು, ಗಾತ್ರ ಸರಿಯಾಗಿತ್ತು, ಪಟ್ಟಿ ನೈಲಾನಿನದೆಂದು ಬರೆದಿತ್ತು. ರಜೆಯಲ್ಲಿ ಊರಿಗೆ ಬಂದಿದ್ದ ಅವನು ಅದರ ಚಿತ್ರವನ್ನು ಅಜ್ಜಿಗೆ ತೋರಿಸಿದನು. ಕನ್ನಡಕವನ್ನು ಸರಿಪಡಿಸಿಕೊಂಡು ನೋಡಿದ ಆಕೆ, “ಮಗಾ, ಕೈಗೆ ತಾಗುವ ಒಳಮೈ ಯಾವುದರದ್ದು?” ಎಂದು ಮಾತ್ರ ಕೇಳಿದರು. ಚರ್ಮದ ವಸ್ತುಗಳನ್ನು ಬಸದಿಯ ಹೊರಗೇ ಇಟ್ಟು ಒಳಗೆ ಹೋಗುವ ಮನೆಯ ಹಿರಿಯರಿಗೆ ಸಹಜವಾದ ಪ್ರಶ್ನೆ ಅದು. ಮಾರಾಟದ ವಿವರದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ತರುಣನು ಮಾರಾಟಗಾರನಿಗೆ ಬರೆದು ಕೇಳಿದನು. ಹೊರಮೈ ನೈಲಾನ್, ಒಳಪದರ ಅಸಲಿ ಚರ್ಮ ಎಂದು ಮರುದಿನ ಉತ್ತರ ಬಂದಿತು.

ಪಟ್ಟಿಯನ್ನು ಬದಲಾಯಿಸಿಕೊಂಡರೆ ಸಾಕಲ್ಲವೇ ಎಂಬ ಸುಲಭೋಪಾಯ ಅವನ ಮನಸ್ಸಿಗೂ ಬಂದಿತು. ಐವತ್ತು ಅಥವಾ ನೂರು ರೂಪಾಯಿಗಳ ಮಾತು; ಹಳೆಯ ಪಟ್ಟಿಯನ್ನು ಎಸೆದರೆ ಬಸದಿಗೆ ಹೋಗಲು ಅಡ್ಡಿಯಿಲ್ಲ. ಆದರೆ ಕೃತ, ಕಾರಿತ, ಅನುಮೋದನವೆಂಬ ಮೂರು ಬಗೆಗಳನ್ನು ಬಲ್ಲವನಿಗೆ ಆ ಉಪಾಯ ಸಮಾಧಾನ ಕೊಡುವುದಿಲ್ಲ. ತಾನು ಕೊಲ್ಲಲಿಲ್ಲ ಎನ್ನುವುದು ಮೊದಲನೆಯದಕ್ಕೆ ಮಾತ್ರ ಉತ್ತರ. ಕೊಂಡ ಹಣವು ಆ ಚರ್ಮದ ಬೆಲೆಯನ್ನೂ ತೆತ್ತಿರುತ್ತದೆ. ಇಂತಹುದನ್ನು ಇನ್ನೂ ತಯಾರಿಸಿರಿ ಎಂಬ ಸಂದೇಶ ಅದರೊಡನೆಯೇ ತಲುಪಿರುತ್ತದೆ. ಪಟ್ಟಿಯನ್ನು ಎಸೆಯುವುದರಿಂದ ಧರಿಸುವವನ ಮೈ ಶುದ್ಧವಾಗಬಹುದು, ವ್ಯವಹಾರ ಶುದ್ಧವಾಗುವುದಿಲ್ಲ. ಹುಡುಕಾಟದ ಮೂರು ವಾರಗಳ ಬಳಿಕ ಮೆಚ್ಚಿದ್ದ ಆ ಗಡಿಯಾರವನ್ನು ಅವನು ಮನಸ್ಸಿಲ್ಲದ ಮನಸ್ಸಿನಿಂದಲೇ ಬಿಟ್ಟುಕೊಟ್ಟನು. ತ್ಯಾಗವು ಸುಲಭವಾಗಿತ್ತೆಂದು ಹೇಳುವುದು ಅಸತ್ಯವಾದೀತು.

ಬಳಿಕ ಅವನು ಆರಿಸಿದುದು ಉಕ್ಕಿನ ಚೈನಿನ ಸರಳವಾದ ಕ್ವಾರ್ಟ್ಜ್ ಗಡಿಯಾರ. ಸೆಕೆಂಡಿಗೆ 32,768 ಬಾರಿ ಕಂಪಿಸುವ ಸ್ಫಟಿಕದ ಆಧಾರದಿಂದ ನಡೆಯುವ ಇಂತಹ ಗಡಿಯಾರದಲ್ಲಿ ತಿಂಗಳಿಗೆ ಕೆಲವೇ ಸೆಕೆಂಡುಗಳ ವ್ಯತ್ಯಾಸ; ಸಾಮಾಯಿಕಕ್ಕೆ ಇದಕ್ಕಿಂತ ಹೆಚ್ಚಿನ ನಿಖರತೆ ಬೇಕಿಲ್ಲ. ಹಣ ಕೊಡುವ ಮೊದಲು ಮಾರಾಟಗಾರನ ಹೆಸರು, ವಿಳಾಸ, ವಸ್ತು ತಯಾರಾದ ದೇಶ, ವಾರಂಟಿ, ಹಿಂತಿರುಗಿಸುವ ನಿಯಮ ಇವುಗಳನ್ನು ಅವನು ಓದಿ ಬರೆದಿಟ್ಟುಕೊಂಡನು. ಗ್ರಾಹಕ ಸಂರಕ್ಷಣೆಯ 2020ರ ಇ-ವಾಣಿಜ್ಯ ನಿಯಮಗಳು ಇಂತಹ ವಿವರಗಳನ್ನು ಪ್ರಕಟಿಸುವುದನ್ನು ಕಡ್ಡಾಯಗೊಳಿಸಿವೆ. ಬಂದ ದೂರನ್ನು 48 ಗಂಟೆಗಳೊಳಗೆ ಸ್ವೀಕರಿಸಿದುದಾಗಿ ತಿಳಿಸಿ, ಒಂದು ತಿಂಗಳೊಳಗೆ ಇತ್ಯರ್ಥಪಡಿಸಬೇಕೆಂದೂ ಹೇಳಿವೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಬಿಲ್ಲು ಬೇಡವೆಂದರೆ ಬೆಲೆ ಇಳಿಸುವೆನೆನ್ನುವವನ ಬಳಿ ಈ ರಕ್ಷಣೆ ಯಾವುದೂ ಇಲ್ಲ. ತೆರಿಗೆಯ ವಂಚನೆಯಲ್ಲಿ ಕೊಳ್ಳುವವನ ಪಾಲು ಮಾತ್ರ ಇದೆ.

ಪರಿಶೀಲನೆ ಇಲ್ಲಿಗೆ ಮುಗಿಯುವುದಿಲ್ಲ. ಅದು ಕೊಳ್ಳುವವನ ಕಡೆಗೂ ತಿರುಗಬೇಕು. ಸಮಾರಂಭಕ್ಕೆ ಒಂದು ದಿನ ಧರಿಸಿ, ದೋಷವಿದೆಯೆಂದು ಸುಳ್ಳು ಕಾರಣ ಕೊಟ್ಟು ಹಿಂತಿರುಗಿಸುವವರಿದ್ದಾರೆ. ಸಣ್ಣ ಉಡುಗೊರೆಯ ಆಸೆಗೆ, ಬಳಸಿಯೇ ನೋಡದ ವಸ್ತುವನ್ನು ಹೊಗಳಿ ಬರೆಯುವವರಿದ್ದಾರೆ. ಆ ಹೊಗಳಿಕೆಯನ್ನು ನಂಬಿ ಇನ್ನೊಬ್ಬನು ಹಣ ತೆರುತ್ತಾನೆ. ಹಿಂತಿರುಗಿಸುವ ಸೌಲಭ್ಯ ಕಾನೂನಿನ ಕೊಡುಗೆ, ಅದನ್ನು ದುರುಪಯೋಗಪಡಿಸುವುದು ಅದತ್ತಾದಾನವೇ. ಆ ತರುಣನ ಗಡಿಯಾರ ತಲುಪಿದಾಗ ಚೈನು ಸಡಿಲವಾಗಿತ್ತು. ಅದು ದೋಷವಲ್ಲ, ಎಲ್ಲ ಚೈನುಗಳ ಸ್ವಭಾವ. ಬೀದಿಯ ಮೂಲೆಯ ಗಡಿಯಾರ ರಿಪೇರಿಯವರ ಬಳಿಗೆ ಹೋಗಿ ಮೂರು ಕೊಂಡಿಗಳನ್ನು ತೆಗೆಸಿ, ಅವರು ಕೇಳಿದ ಕೂಲಿಯನ್ನು ಚೌಕಾಸಿಯಿಲ್ಲದೆ ಕೊಟ್ಟು ಬಂದನು.

ಇಷ್ಟೆಲ್ಲ ಒಂದು ಗಡಿಯಾರಕ್ಕಾಗಿಯೇ ಎಂದು ಕೇಳುವವರಿಗೆ ಉತ್ತರವಿದೆ. ಗೃಹಸ್ಥನಿಗೆ ಮಹಾವ್ರತಗಳ ಅವಕಾಶವಿಲ್ಲ. ಅವನಿಗೆ ವಿಧಿಸಿರುವುದು ಅಣುವ್ರತ. ಅಣುವೆಂಬ ಆ ಮಾತಿಗೆ ತಕ್ಕಂತೆ, ಅದರ ಪಾಲನೆಯೂ ಉಲ್ಲಂಘನೆಯೂ ಇಂತಹ ಸಣ್ಣ ವಸ್ತುಗಳಲ್ಲಿಯೇ ನಡೆಯುತ್ತವೆ. ದೊಡ್ಡ ಕಳವನ್ನು ಮಾಡುವ ಪ್ರಸಂಗ ಸಜ್ಜನರ ಬಾಳಿನಲ್ಲಿ ಬರುವುದೇ ಇಲ್ಲ. ಸಣ್ಣದೊಂದು ಪ್ರಶ್ನೆಯನ್ನು ಕೇಳದೆ ಬಿಡುವ ಪ್ರಸಂಗ ದಿನಕ್ಕೆ ಹಲವು ಬಾರಿ ಬರುತ್ತದೆ. ನಾನು ಮೋಸಹೋಗುವೆನೇ ಎಂದು ಕೇಳಿಕೊಳ್ಳುವುದು ವ್ಯವಹಾರಜ್ಞಾನ. ಇನ್ನೊಬ್ಬರಿಗೆ, ಇನ್ನೊಂದು ಜೀವಕ್ಕೆ ಆಗುವ ಅನ್ಯಾಯದಲ್ಲಿ ನನ್ನ ಹಣ ಪಾಲುಗೊಳ್ಳುವುದೇ ಎಂದು ಅದರ ಜೊತೆಗೆ ಕೇಳಿಕೊಳ್ಳುವುದು ಶ್ರಾವಕಧರ್ಮ. ಎರಡಕ್ಕೂ ಬೇಕಾದ ಸಮಯ ಒಂದೇ. ಓದಬೇಕಾದ ವಿವರಗಳೂ ಅವೇ.