ಗೆರೆಗೆಷ್ಟು ರೇಟು?

ಬೆಂಗಳೂರಿನ ಸಂಪಾದಕರು "ಐದು ಗಂಟೆಯೊಳಗೆ ಬೇಕು ಮೇಡಂ" ಅಂದರೆ ಕತಾರಿನ ಅಲ್ ಅಜೀಜಿಯಾದಲ್ಲಿ ಅದು ಮಧ್ಯಾಹ್ನ ಎರಡೂವರೆ. ಕತಾರ್ ಗಡಿಯಾರ ಭಾರತಕ್ಕಿಂತ ಎರಡೂವರೆ ತಾಸು ಹಿಂದೆ ನಡೆಯುತ್ತದೆ. ಅದಕ್ಕಿಂತ ದೊಡ್ಡ ತಾಪತ್ರಯ ವಾರದ ರಜೆಯದ್ದು. ಇಲ್ಲಿ ಶುಕ್ರವಾರ, ಶನಿವಾರ ರಜೆ. ಭಾನುವಾರ ಊರಿಗೆ ಊರೇ ಕೆಲಸಕ್ಕೆ ಹೊರಡುತ್ತದೆ. ಗಂಡ ಮನೆಯಲ್ಲಿದ್ದು ಬಿರಿಯಾನಿ ಕೇಳುವ ಶುಕ್ರವಾರವೇ ಬೆಂಗಳೂರಿನಲ್ಲಿ ಪುರವಣಿಯ ಪುಟ ಮುಗಿಸುವ ಗಡಿಬಿಡಿ. ಬೆಂಗಳೂರು ಮಲಗಿರುವ ಭಾನುವಾರ ಮನೆಯಲ್ಲಿ ಮಾತಿಗೆ ಯಾರೂ ಇಲ್ಲ. ಎರಡು ದೇಶಗಳ ರಜೆ ಒಂದಾಗುವುದು ಶನಿವಾರ ಮಾತ್ರ. ಪ್ರಕಾಶಕರು ಎರಡನೇ ಶನಿವಾರಕ್ಕಷ್ಟೇ ಬಾಗಿಲು ಹಾಕುವವರಾದರೆ ಅದಕ್ಕೂ ಸಂಚಕಾರ.

ಇದು ಫ್ರೀಲಾನ್ಸ್ ಚಿತ್ರಗಾರ್ತಿಯೊಬ್ಬಳ ವಾರ. ಅವಳು ಬೇರೆ ಯಾರೂ ಅಲ್ಲ, ಈ ಬರಹದ ಕೆಳಗೆ ಸಹಿ ಹಾಕಬೇಕಾದವಳೇ. ವ್ಯಂಗ್ಯಚಿತ್ರ ಬರೆಯುವವರಿಗೆ ತಮ್ಮನ್ನೂ ಒಂದು ಪಾತ್ರ ಮಾಡಿಕೊಂಡರೆ ಕೈ ಸಲೀಸಾಗಿ ಓಡುತ್ತದೆ. ‘ನಾನು’ ಎಂದು ಶುರು ಮಾಡಿದರೆ ಬಾಕಿ ಸಂಭಾವನೆಯ ಪಟ್ಟಿಯೇ ಪ್ರಬಂಧವಾಗಿಬಿಡುವ ಭಯ. ಊರು ಕುಂದಾಪುರದ ಕಡೆ. ಗಂಡನ ನೌಕರಿಯ ಬೆನ್ನು ಹಿಡಿದು ಬಂದು ನೆಲೆಸಿದ್ದು ದೋಹಾದ ಪಕ್ಕದ ಈ ಬಡಾವಣೆಯಲ್ಲಿ, ವಿಲ್ಲಾವೊಂದರ ಒಂದು ಭಾಗದಲ್ಲಿ.

ಅಜೀಜಿಯಾದ ಗೋಡೆಗಳೆಲ್ಲ ಮರಳಿನ ಬಣ್ಣ. ತಾರಸಿಗೆ ಹತ್ತಿದರೆ ಆಸ್ಪೈರ್ ಟವರ್ ಕಾಣುತ್ತದೆ. ದೀವಟಿಗೆಯ ಆಕಾರ, 300 ಮೀಟರ್ ಎತ್ತರ, 2006ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಕಟ್ಟಿದ್ದು. ಆ ಕೂಟಕ್ಕೆ ‘ಓರಿ’ ಎಂಬ ಓರಿಕ್ಸ್ ಹುಲ್ಲೆ ಲಾಂಛನವಾಗಿತ್ತು. 2022ರ ವಿಶ್ವಕಪ್ ಫುಟ್‌ಬಾಲಿಗೆ ‘ಲಾಯೀಬ್’ ಬಂದ. ಅರಬರ ತಲೆವಸ್ತ್ರವೇ ಕಣ್ಣು ಬಾಯಿ ಪಡೆದು ಗಾಳಿಯಲ್ಲಿ ತೇಲಿದ ಹಾಗೆ ಅವನ ರೂಪ. ಈ ಲಾಯೀಬನನ್ನು ಗುರುತಿಸದ ಮಗು ದೋಹಾದಲ್ಲಿರಲಿಲ್ಲ. ಬರೆದ ಕೈ ಯಾರದು ಎಂದು ಕೇಳಿದ ದೊಡ್ಡವರನ್ನು ಅವಳಂತೂ ಕಂಡಿಲ್ಲ.

ಚಿತ್ರ ಮುಂದೆ, ಚಿತ್ರಗಾರ ಹಿಂದೆ. ಇದು ನಮ್ಮಲ್ಲೂ ಹಳೆಯ ಸಂಪ್ರದಾಯ. ಏಷ್ಯನ್ ಪೇಂಟ್ಸ್ ಡಬ್ಬಿಯ ಮೇಲೆ ಬ್ರಷ್ಷು ಹಿಡಿದು ನಿಂತಿದ್ದ ತುಂಟ ಹುಡುಗ ಗಟ್ಟು 1954ರಲ್ಲಿ ಹುಟ್ಟಿದವನು. ಅವನನ್ನು ಬರೆದವರು ಆರ್.ಕೆ. ಲಕ್ಷ್ಮಣ್ ಎಂದರೆ ಇವತ್ತಿಗೂ "ಹೌದಾ!" ಎನ್ನುವವರಿದ್ದಾರೆ. ಆ ಲಕ್ಷ್ಮಣ್ ಅವರಿಗೂ ಪಗಾರದ ಕುರ್ಚಿ ಒಮ್ಮೆಗೇ ಸಿಕ್ಕಿದ್ದಲ್ಲ. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಹುಡುಗನಿಗೆ ಮುಂಬೈಯ ಜೆ.ಜೆ. ಕಲಾಶಾಲೆ ಸೀಟು ಕೊಡಲಿಲ್ಲ, ಪ್ರತಿಭೆ ಸಾಲದು ಎಂದಿತು. ಅವರು ಮಹಾರಾಜ ಕಾಲೇಜಿನಲ್ಲಿ ಓದುತ್ತಲೇ ಅಣ್ಣ ಆರ್.ಕೆ. ನಾರಾಯಣ್ ಕತೆಗಳಿಗೆ ‘ದಿ ಹಿಂದೂ’ ಪತ್ರಿಕೆಯಲ್ಲಿ ಚಿತ್ರ ಬರೆದರು, ಸ್ಥಳೀಯ ಪತ್ರಿಕೆಗಳಿಗೆ ರಾಜಕೀಯ ವ್ಯಂಗ್ಯಚಿತ್ರ ಕೊಟ್ಟರು, ಬೇಸಿಗೆಯಲ್ಲಿ ಮದ್ರಾಸಿನ ಜೆಮಿನಿ ಸ್ಟುಡಿಯೊದಲ್ಲಿ ದುಡಿದರು. ಬೆಂಗಳೂರಿನ ಮೆಜೆಸ್ಟಿಕ್ ಬಳಿ ಕ್ಲಿನಿಕ್ ಇಟ್ಟಿದ್ದ ಡಾ. ಎಂ. ಶಿವರಾಂ, ಅಂದರೆ ನಮ್ಮ ‘ರಾಶಿ’, 1942ರಲ್ಲಿ ‘ಕೊರವಂಜಿ’ ಹಾಸ್ಯ ಪತ್ರಿಕೆ ಶುರು ಮಾಡಿದಾಗ ಅಲ್ಲಿಗೂ ಬರೆದರು. ಯಾರು ಕೇಳಿದರೂ ಬರೆದುಕೊಡುವ ಈ ನಾಲ್ಕು ಬಾಗಿಲ ತಿರುಗಾಟವನ್ನೇ ಇವತ್ತು ಫ್ರೀಲಾನ್ಸ್ ಎನ್ನುತ್ತೇವೆ. ಕೋಟು ತೊಟ್ಟ ಅವರ ‘ಶ್ರೀಸಾಮಾನ್ಯ’ ಬಂದದ್ದು ಇದಾದ ಮೇಲೆ.

ಕೊರವಂಜಿ 1967ರವರೆಗೆ ನಡೆಯಿತು. ಆ ಕಾಲದ ಅಚ್ಚಿನ ಚಿತ್ರಗಳನ್ನು ಗಮನಿಸಿ ನೋಡಿದವರಿಗೆ ಒಂದು ಸಂಗತಿ ಕಾಣುತ್ತದೆ. ಅಲ್ಲಿ ಕಪ್ಪು ಇದೆ, ಬಿಳಿ ಇದೆ, ನಡುವಿನ ಬೂದು ಇಲ್ಲ. ನೆರಳು ಬೇಕಾದಲ್ಲಿ ಒತ್ತೊತ್ತಾಗಿ ಅಡ್ಡಗೆರೆ. ಅದು ಚಿತ್ರಗಾರರ ಶೈಲಿ ಎಂದು ನಾವು ಹೊಗಳುತ್ತೇವೆ, ಆದರೆ ಅರ್ಧ ಶ್ರೇಯಸ್ಸು ಸತುವಿನ ತಗಡಿಗೆ ಸೇರಬೇಕು. ಕಪ್ಪು ಶಾಯಿಯಲ್ಲಿ, ಅಚ್ಚಿನ ಅಳತೆಗಿಂತ ದೊಡ್ಡದಾಗಿ ಬರೆದ ಚಿತ್ರವನ್ನು ಕ್ಯಾಮೆರಾದಲ್ಲಿ ಇಳಿಸಿ, ಸತುವಿನ ತಗಡಿನ ಮೇಲೆ ಮೂಡಿಸಿ, ಬೇಡದ ಜಾಗವನ್ನು ಆಮ್ಲದಲ್ಲಿ ಕರಗಿಸಿ, ಉಳಿದದ್ದನ್ನು ಮರದ ತುಂಡಿಗೆ ಹೊಡೆದು ಅಚ್ಚುಮೊಳೆಗಳ ಎತ್ತರಕ್ಕೆ ತಂದರೆ ‘ಬ್ಲಾಕು’ ಸಿದ್ಧ. ಲೈನ್ ಬ್ಲಾಕಿಗೆ ಬೂದು ಬಣ್ಣ ಗೊತ್ತಿಲ್ಲ. ಹಾಫ್‌ಟೋನ್ ಬ್ಲಾಕಿಗೆ ಖರ್ಚು ಜಾಸ್ತಿ, ಒಳ್ಳೆ ಕಾಗದವೂ ಬೇಕು. ಬ್ಲಾಕು ಮಾಡುವವರು ಚದರ ಇಂಚಿಗೆ ಇಷ್ಟು ಎಂದು ಲೆಕ್ಕ ಹಾಕಿ ವಸೂಲಿ ಮಾಡುತ್ತಿದ್ದರು. ಬರೆದವರದ್ದು ಮಾತ್ರ ವಿಶ್ವಾಸದ ಲೆಕ್ಕ.

ಬ್ಲಾಕು ಒಮ್ಮೆ ಮುದ್ರಣಾಲಯದ ಕಪಾಟು ಸೇರಿದರೆ ಅದು ಅವರದ್ದೇ. ಮುಂದಿನ ವರ್ಷದ ವಿಶೇಷಾಂಕಕ್ಕೂ ಅದೇ ಬ್ಲಾಕು, ಬೇರೆ ಯಾರದೋ ಕತೆಗೂ ಅದೇ ಬ್ಲಾಕು. ಕಪಾಟಿನ ಈ ಬುದ್ಧಿ ಇವತ್ತು ‘ಲೇಯರ್’ ಎಂಬ ಹೊಸ ವೇಷದಲ್ಲಿ ಬಂದಿದೆ. "ಫೈನಲ್ ಜೊತೆ ಪಿಎಸ್‌ಡಿ ಫೈಲೂ ಕಳಿಸಿಬಿಡಿ, ಲೇಯರ್ ಬೇರೆ ಬೇರೆ ಇರಲಿ" ಎಂದು ಪ್ರಕಾಶಕರು ಸಹಜವಾಗಿಯೇ ಕೇಳುತ್ತಾರೆ. ಪದರಗಳು ಬಿಡಿಬಿಡಿಯಾಗಿ ಕೈಸೇರಿದರೆ ಅಜ್ಜಿಯನ್ನು ಒಂದು ಪುಸ್ತಕದಿಂದ ಎತ್ತಿ ಇನ್ನೊಂದರ ಮುಖಪುಟದಲ್ಲಿ ಕೂರಿಸಬಹುದು, ನಾಯಿಯನ್ನು ಜಾಹೀರಾತಿಗೆ ಕಳಿಸಬಹುದು. ಪ್ರಕಾಶನ ಸಂಸ್ಥೆಯೊಂದರಲ್ಲಿ ಅವಳ ಅಜ್ಜಿಗೆ ಹೀಗೆ ಎರಡನೇ ಉದ್ಯೋಗ ಸಿಕ್ಕಿತ್ತು. ಸಂಬಳ ಮಾತ್ರ ಅಜ್ಜಿಗೂ ಬರಲಿಲ್ಲ, ಅಜ್ಜಿಯನ್ನು ಬರೆದವಳಿಗೂ ಬರಲಿಲ್ಲ.

ಅವಳು ಕಾಯ್ದೆ ಓದಿದ್ದು ಆಮೇಲೆ. 1957ರ ಭಾರತೀಯ ಹಕ್ಕುಸ್ವಾಮ್ಯ ಕಾಯ್ದೆ ಒಣ ಪುಸ್ತಕವೇನೂ ಅಲ್ಲ, ಕಸುಬಿನವರು ಓದಿದರೆ ಕಾದಂಬರಿಯಷ್ಟೇ ರೋಚಕ. ಕೃತಿಗೆ ಮೊದಲ ಒಡೆಯ ಅದನ್ನು ರಚಿಸಿದವನೇ ಎಂಬುದು ಸಾಮಾನ್ಯ ನಿಯಮ. ದುಡ್ಡು ಕೊಟ್ಟು ಬರೆಸಿದ ಭಾವಚಿತ್ರ, ನೌಕರಿಯಲ್ಲಿದ್ದು ಮಾಡಿದ ಕೆಲಸ, ಇಂಥವಕ್ಕೆ ಬೇರೆ ಕಟ್ಟಳೆಗಳಿವೆ. ಹಕ್ಕು ಬಿಟ್ಟುಕೊಡುವುದಾದರೆ ಅದು ಬರಹದಲ್ಲಿರಬೇಕು, ಸಹಿ ಬೇಕು. ಎಷ್ಟು ಕಾಲಕ್ಕೆ ಎಂದು ಬರೆದಿರದಿದ್ದರೆ ಐದೇ ವರ್ಷ. ಎಲ್ಲಿಗೆ ಎಂದು ಬರೆದಿರದಿದ್ದರೆ ಭಾರತದೊಳಗೆ ಮಾತ್ರ. ಹಕ್ಕು ಮಾರಿದ ಮೇಲೂ ‘ಇದನ್ನು ಬರೆದವಳು ನಾನು’ ಎಂದು ಹೇಳಿಕೊಳ್ಳುವ ಅಧಿಕಾರ ಉಳಿಯುತ್ತದೆ. ವಾಟ್ಸ್ಆ್ಯಪಿನಲ್ಲಿ ಬಂದ ಹೆಬ್ಬೆರಳಿನ ಗುರುತನ್ನು ಒಪ್ಪಂದವೆಂದು ನಂಬಿ ಕೂತವರು ಇದನ್ನೊಮ್ಮೆ ಓದುವುದು ಒಳ್ಳೆಯದು.

ಕತಾರಿನಲ್ಲೇ ಕೆಲಸ ಹಿಡಿಯಬಹುದಲ್ಲ ಎಂದು ಊರಿನವರು ಕೇಳುತ್ತಾರೆ. ಇಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ ಎಂಬ ಸುದ್ದಿ ಅವರಿಗೆ ತಲುಪಿದೆ. ಕುಟುಂಬ ವೀಸಾದಲ್ಲಿರುವವರು ದುಡಿಯಲು ಪ್ರತ್ಯೇಕ ಅನುಮತಿ ಬೇಕೆಂಬ ಸುದ್ದಿ ತಲುಪಿಲ್ಲ. ಹಾಗಾಗಿ ಮೇಜು ಅಜೀಜಿಯಾದಲ್ಲಿ, ಗಿರಾಕಿ ಬೆಂಗಳೂರಿನಲ್ಲಿ, ದುಡ್ಡು ಊರಿನ ಬ್ಯಾಂಕಿನ ಎನ್‌ಆರ್‌ಒ ಖಾತೆಯಲ್ಲಿ.

ಕಸುಬಿನ ನಿಜವಾದ ಪೇಚಾಟ ಜುಲೈ ತಿಂಗಳಲ್ಲಿ. ಹೊರಗೆ 45 ಡಿಗ್ರಿ. ಮೇಜಿನ ಮೇಲೆ ಮಲೆನಾಡಿನ ಕತೆ, ಅದರಲ್ಲಿ ಬಿಡದ ಮಳೆ. ಎಸಿಯ ಒಣಗಾಳಿಗೆ ನಿಬ್ಬಿನ ಶಾಯಿ ಗೆರೆ ಮುಗಿಯುವ ಮೊದಲೇ ಒಣಗುತ್ತದೆ, ಕಾಗದದ ಮೇಲೆ ಮಾತ್ರ ಅಡಿಕೆ ತೋಟ ತೊಟ್ಟಿಕ್ಕಬೇಕು. ಆಗ ಅಮ್ಮನಿಗೆ ಫೋನು.

"ಅಮ್ಮಾ, ಹಟ್ಟಿಯ ಒಂದು ಫೋಟೊ ಕಳಿಸು."

"ಹಟ್ಟಿದ್ ಎಂತಕ್ಕೆ ಮಗಾ? ದನ ಮಾರಿ ಎಷ್ಟ್ ವರ್ಷ ಆಯ್ತ್!"

ದನವಿಲ್ಲದ ಹಟ್ಟಿಯ ಫೋಟೊ ಬರುತ್ತದೆ. ಅದರಲ್ಲಿ ಮೂಲೆಗೆ ಒರಗಿಸಿದ ಹಳೇ ಸ್ಕೂಟರು, ಸೌದೆ, ಅಮ್ಮನ ಹೆಬ್ಬೆರಳಿನ ಅರ್ಧ. ಇವಳಿಗೆ ಬೇಕಾದದ್ದು ಮಾಡಿನ ಇಳಿಜಾರು, ಹಂಚಿನ ಸಾಲು, ಕಂಬಕ್ಕೆ ಹಗ್ಗ ಕಟ್ಟುವ ಜಾಗ. ಅಷ್ಟು ಸಿಕ್ಕಿದರೆ ದನವನ್ನು ತಾನೇ ಹುಟ್ಟಿಸಿಕೊಳ್ಳುತ್ತಾಳೆ. ಕನ್ನಡದ ಓದುಗರು ಚಿತ್ರವನ್ನು ನೋಡುವುದಿಲ್ಲ, ತನಿಖೆ ಮಾಡುತ್ತಾರೆ. ನೇಗಿಲಿನ ಮೇಣಿ ತಪ್ಪಿದರೆ, ಸೆರಗು ಬಲಗಡೆಗೆ ಬಿದ್ದರೆ ಪತ್ರ ಬಂದೇ ಬರುತ್ತದೆ. ಬರಲಿ. ಅಷ್ಟು ಕಣ್ಣಿಟ್ಟು ನೋಡುವವರಿಗಾಗಿಯೇ ಅಮ್ಮನಿಗೆ ಫೋನು ಮಾಡುವುದು.

ಈಚೆಗೆ ಇನ್ನೊಂದು ಬಗೆಯ ಕೆಲಸ ಬರತೊಡಗಿದೆ. "ಎಐನಲ್ಲಿ ಮಾಡಿಸಿದ್ದೇವೆ, ಸ್ವಲ್ಪ ಸರಿ ಮಾಡಿಕೊಡಿ ಸಾಕು." ಬಡಗುತಿಟ್ಟಿನ ಯಕ್ಷಗಾನ ಕೇಳಿದರೆ ಯಂತ್ರ ಕೊಟ್ಟಿದ್ದು ಕಥಕಳಿಯ ಕಿರೀಟ. ಕೇದಗೆ ಮುಂದಲೆಯ ಗುರುತೇ ಇಲ್ಲ. ‘ಸ್ವಲ್ಪ ಸರಿ’ ಮಾಡುವುದಕ್ಕಿಂತ ಹೊಸದಾಗಿ ಬರೆಯುವುದು ಬೇಗ. ಆದರೆ ರೇಟು ಮಾತ್ರ ರಿಪೇರಿಯದ್ದು.

ಮನೆಯಲ್ಲಿ ಕೂತು ಬರೆಯುವ ಹೆಂಗಸಿನ ಕೆಲಸ ಹವ್ಯಾಸದ ಹಾಗೆ ಕಾಣುತ್ತದೆ. ಅವಳು ಅಂಥ ಹೊತ್ತಿನಲ್ಲಿ ಬೆಂಗಳೂರಿನ ಮಾಯಾ ಕಾಮತ್ ಅವರನ್ನು ನೆನೆಯುತ್ತಾಳೆ. 1985ರಲ್ಲಿ ‘ಈವ್ನಿಂಗ್ ಹೆರಾಲ್ಡ್’ನಲ್ಲಿ ‘ಗೀತಾ’ ಎಂಬ ಸಂಸಾರದ ಚಿತ್ರಪಟ್ಟಿಯಿಂದ ಶುರು ಮಾಡಿ, ‘ಡೆಕ್ಕನ್ ಹೆರಾಲ್ಡ್’, ‘ಏಷ್ಯನ್ ಏಜ್’ ಪತ್ರಿಕೆಗಳಿಗೆ ರಾಜಕೀಯ ವ್ಯಂಗ್ಯಚಿತ್ರ ಬರೆದವರು. ಗಂಡಸರೇ ತುಂಬಿದ್ದ ಆ ಕಸುಬಿನಲ್ಲಿ ಸಂಪಾದಕೀಯ ಪುಟದವರೆಗೆ ನಡೆದು ಬಂದವರು. 2001ರಲ್ಲಿ, ಐವತ್ತರ ವಯಸ್ಸಿಗೇ ತೀರಿಕೊಂಡರು. ಅವರ ಚಿತ್ರಗಳು ಮುಂಬೈಯ ‘ಸ್ಪ್ಯಾರೊ’ ಮಹಿಳಾ ದಾಖಲೆ ಸಂಗ್ರಹದಲ್ಲಿ ಭದ್ರವಾಗಿವೆ. ಕನ್ನಡ ಪತ್ರಿಕೆಗಳಿಗೆ ದುಡಿದ ಎಷ್ಟು ಜನರ ಮೂಲಚಿತ್ರಗಳು ಹಾಗೆ ಉಳಿದಿವೆ? ರದ್ದಿಗೆ ಹೋದವೇ ಹೆಚ್ಚೆಂದು ಅವಳ ಗುಮಾನಿ.

ಕೊಲ್ಲಿಯಲ್ಲಿ ಕೂತು ವ್ಯಂಗ್ಯಚಿತ್ರದ ಮಾತಾಡುವವರು ನಾಜಿ ಅಲ್ ಅಲಿಯನ್ನು ಬಿಡುವ ಹಾಗಿಲ್ಲ. ನಿರಾಶ್ರಿತರ ಶಿಬಿರದಲ್ಲಿ ಬೆಳೆದ ಈ ಪ್ಯಾಲೆಸ್ಟೀನಿ ಕುವೈತಿನ ಪತ್ರಿಕೆಗಳಲ್ಲಿ ಬರೆಯುತ್ತಿದ್ದಾಗ, 1969ರಲ್ಲಿ, ಹಂದಾಲಾ ಎಂಬ ಬರಿಗಾಲ ಹುಡುಗನನ್ನು ಸೃಷ್ಟಿಸಿದ. ಆ ಹುಡುಗ ಓದುಗರಿಗೆ ಬೆನ್ನು ತೋರಿಸಿ, ಕೈ ಹಿಂದೆ ಕಟ್ಟಿ ಎಲ್ಲವನ್ನೂ ನೋಡುತ್ತ ನಿಲ್ಲುತ್ತಾನೆ. ಲಕ್ಷ್ಮಣರ ಶ್ರೀಸಾಮಾನ್ಯನೂ ಮಾತಾಡದೆ ನೋಡುವವನೇ. ಒಬ್ಬನ ಮುಖ ದೇಶಕ್ಕೆಲ್ಲ ಪರಿಚಯ, ಇನ್ನೊಬ್ಬನದು ಬೆನ್ನಷ್ಟೇ ಪರಿಚಯ. ನಾಜಿಗೆ 1987ರ ಜುಲೈನಲ್ಲಿ ಲಂಡನ್ನಿನ ಬೀದಿಯಲ್ಲಿ ಗುಂಡಿಕ್ಕಿದರು. ಆಗಸ್ಟಿನಲ್ಲಿ ಆತ ತೀರಿಹೋದ. ಅಜೀಜಿಯಾದ ಚಿತ್ರಗಾರ್ತಿ ಅಂಥ ಕೆಚ್ಚಿನವಳಲ್ಲ. ಕತಾರಿನ 2014ರ ಸೈಬರ್ ಅಪರಾಧ ಕಾಯ್ದೆಯ ಹೆಸರು ಕೇಳಿದ ಮೇಲೆ ಇಲ್ಲಿನ ದೊಡ್ಡವರ ಮೂಗನ್ನು ಉದ್ದ ಮಾಡುವ ಯೋಚನೆಯನ್ನೇ ಕೈಬಿಟ್ಟಿದ್ದಾಳೆ.

ಮೂಗಿನ ಕಷ್ಟ ಮದುವೆಯ ಕ್ಯಾರಿಕೇಚರ್‌ಗಳಲ್ಲೂ ಇದ್ದದ್ದೇ. ಆಮಂತ್ರಣ ಪತ್ರಿಕೆಗೆ ವಧೂವರರು ಬುಲೆಟ್ ಮೇಲೆ ಕೂತಂತೆ ಬರೆಸುವುದು ಈಗ ವಾಡಿಕೆ. "ತಮಾಷೆಯಾಗಿ ಬರಲಿ, ಆದ್ರೆ ಮೂಗು ಸ್ವಲ್ಪ ಸಣ್ಣ ಮಾಡಿ, ಬಣ್ಣ ಒಂಚೂರು ತಿಳಿ ಮಾಡಿ." ಮೂಗೂ ಇಲ್ಲ, ಬಣ್ಣವೂ ಇಲ್ಲ ಅಂದಮೇಲೆ ಉಳಿಯುವುದು ಬುಲೆಟ್ಟಿನ ಕ್ಯಾರಿಕೇಚರ್. ಇಷ್ಟಾದರೂ ಹೊತ್ತಿಗೆ ಸರಿಯಾಗಿ ಹಣ ಬರುವುದು ಈ ಮದುವೆ ಮನೆಗಳಿಂದಲೇ. ಸಾಹಿತ್ಯ ನಿಧಾನ.

ಫ್ರೀಲಾನ್ಸ್‌ನಲ್ಲಿ ಅನ್ನ ಹುಟ್ಟುತ್ತದಾ ಎಂದು ಕೇಳುವ ಹುಡುಗರಿಗೆ ಅವಳು ತನ್ನೂರಿನ ಸತೀಶ್ ಆಚಾರ್ಯರನ್ನು ತೋರಿಸುತ್ತಾಳೆ. ಮುಂಬೈಯಲ್ಲಿ ‘ಮಿಡ್-ಡೇ’ ಪತ್ರಿಕೆಯ ಸಿಬ್ಬಂದಿಯಾಗಿದ್ದವರು ಕುಂದಾಪುರಕ್ಕೆ ಮರಳಿ, ಅಲ್ಲಿಂದಲೇ ದೇಶಕ್ಕೆಲ್ಲ ಬರೆಯುತ್ತಾರೆ. 2018ರಲ್ಲಿ ಚಿತ್ರವೊಂದನ್ನು ಪತ್ರಿಕೆಯೊಂದು ಒಪ್ಪದೆ ಅಲ್ಲಿನ ಅಂಕಣ ಕೈತಪ್ಪಿದಾಗ, ಆ ಚಿತ್ರವನ್ನು ಜನರ ಮುಂದಿಟ್ಟರು. ಕುಂದಾಪುರದಲ್ಲಿ ‘ಕಾರ್ಟೂನು ಹಬ್ಬ’ವನ್ನೂ ನಡೆಸುತ್ತಾರೆ. ಹಾಗೆ ಹೇಳಿದ ಮರುಕ್ಷಣವೇ ಅವಳು ಇನ್ನೊಂದು ಮಾತನ್ನೂ ಸೇರಿಸುತ್ತಾಳೆ: ಎಲ್ಲರೂ ಸತೀಶ್ ಆಚಾರ್ಯರಾಗುವುದಿಲ್ಲ, ಮೊದಲು ಅರ್ಧ ಮುಂಗಡ ಕೇಳುವುದನ್ನು ಕಲಿಯಿರಿ.

ಸಂಪಾದಕರಲ್ಲಿ, ಪ್ರಕಾಶಕರಲ್ಲಿ ಅವಳದ್ದೊಂದು ಅರಿಕೆ ಇದೆ. ಚಿತ್ರದ ಪಕ್ಕದಲ್ಲಿ ಬರೆದವರ ಹೆಸರು ಹಾಕಿ, ಮುಖಪುಟ ಕಲಾವಿದರ ಹೆಸರನ್ನು ಪುಸ್ತಕದ ಬಿಡುಗಡೆಯ ದಿನ ಒಮ್ಮೆ ಜೋರಾಗಿ ಹೇಳಿ. ಎರಡನೇ ಸಲ ಬಳಸುವುದಾದರೆ ಎರಡನೇ ಸಲ ದುಡ್ಡು ಕೊಡಿ. ಫೋನು ಮಾಡುವುದಾದರೆ ಶುಕ್ರವಾರ ಬಿಟ್ಟು ಮಾಡಿ.