ಎರೆಮಣ್ಣಿನ ಸೀಮೆಯಲ್ಲಿ ಸೈಕಲ್ ಮೋಟರು

ಕಲಬುರಗಿಯಿಂದ ವಾಯವ್ಯಕ್ಕೆ ಹೊರಟರೆ ಸುಮಾರು 40 ಕಿಲೋಮೀಟರಿಗೆ ಆಳಂದ. ಪಶ್ಚಿಮಕ್ಕೆ ಹೊರಟರೆ ಸುಮಾರು 60 ಕಿಲೋಮೀಟರಿಗೆ ಅಫಜಲಪುರ. ದಕ್ಷಿಣಕ್ಕೆ ಇಳಿದು ಭೀಮಾನದಿಯನ್ನು ದಾಟಿದರೆ ಜೇವರ್ಗಿ. ಮೂರೂ ಎರೆಮಣ್ಣಿನ ತಾಲ್ಲೂಕುಗಳು. ಕಣ್ಣು ಹಾಯುವವರೆಗೆ ಕಪ್ಪು ನೆಲ, ಅದರ ಮೇಲೆ ತೊಗರಿ, ಜೋಳ, ಹತ್ತಿ. ನೀರಿನ ಅನುಕೂಲವಿದ್ದಲ್ಲಿ ಕಬ್ಬು. ಈ ಸೀಮೆಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆದರೆ ಆ ತೊಗರಿಯ ಹೊಲದ ಬದುವಿನಲ್ಲಿ, ಬೇವಿನ ಮರದ ನೆರಳಿಗೆ ಒರಗಿ ನಿಂತ ಸೈಕಲ್ ಮೋಟರಿನ ಕಡೆಗೆ ಪ್ರವಾಸಿಯ ದೃಷ್ಟಿ ಹರಿಯುವುದು ಅಪರೂಪ.

ಸೈಕಲ್ ಮೋಟರು ಎಂಬುದು ಈ ಕಡೆಯವರ ಮಾತು. ಬೆಂಗಳೂರಿನವರು ಬೈಕ್ ಎನ್ನುವುದನ್ನು ಇಲ್ಲಿಯ ಹಿರಿಯರು ಇಂದಿಗೂ ಹಾಗೆಯೇ ಕರೆಯುತ್ತಾರೆ. ಹೆಸರಿನಲ್ಲಿ ಹಳತನವಿದ್ದರೂ ಅದು ಮಾಡುವ ಕೆಲಸದಲ್ಲಿ ಹಳತನವಿಲ್ಲ. ಮುಂಜಾನೆ ಹಾಲಿನ ಕ್ಯಾನು, ಮಧ್ಯಾಹ್ನ ಬಿತ್ತನೆಯ ಬೀಜ, ಸಂಜೆ ಸಂತೆಯ ಚೀಲ ಎಲ್ಲವೂ ಅದರ ಬೆನ್ನಿನ ಮೇಲೆಯೇ. ಎಳ್ಳಮಾವಾಸ್ಯೆಯ ದಿನ ಸಜ್ಜೆಯ ಕಡುಬು, ಭಜ್ಜಿ, ರೊಟ್ಟಿಗಳ ಬುತ್ತಿಯನ್ನು ಹೊತ್ತು, ಚರಗ ಚೆಲ್ಲಲು ಮನೆಮಂದಿಯೆಲ್ಲ ಹೊಲಕ್ಕೆ ಹೋಗುವುದೂ ಅದರಲ್ಲಿಯೇ. ನಡುರಾತ್ರಿಯಲ್ಲಿ ಮನೆಯ ಹೆಣ್ಣುಮಗಳಿಗೆ ಹೆರಿಗೆಯ ನೋವು ಕಾಣಿಸಿಕೊಂಡರೆ ಮೊದಲು ನೆನಪಾಗುವುದೂ ಅದೇ. ಅಂಥ ರಾತ್ರಿಯಲ್ಲಿ ಊರಿಗೂ ಆಸ್ಪತ್ರೆಗೂ ನಡುವೆ, ದೀಪವಿಲ್ಲದ ರಸ್ತೆಯಲ್ಲಿ ಚೈನು ಹರಿದು ನಿಂತರೆ ಆಗುವ ಗತಿಯನ್ನು ವರ್ಣಿಸಬೇಕಾಗಿಲ್ಲ. ಆದ್ದರಿಂದ ಈ ಊರುಗಳಲ್ಲಿ ಯಂತ್ರದ ಆರೈಕೆಯನ್ನು ಸ್ವಂತ ಕೈಯಿಂದ ಕಲಿಯುವುದು ಹವ್ಯಾಸಕ್ಕಾಗಿ ಅಲ್ಲ.

ಮೊದಲು ಮಣ್ಣಿನ ಮಾತು. ಬೇಸಗೆಯಲ್ಲಿ ಅಂಗೈಯಗಲ ಬಿರುಕು ಬಿಡುವ ಈ ನೆಲ ಮೃಗಶಿರದ ಮೊದಲ ಮಳೆಗೆ ಉಬ್ಬಿ ಅಂಟಾಗುತ್ತದೆ. ನೀರು ಕುಡಿದು ಹಿಗ್ಗುವ ಜೇಡಿ ಅದರಲ್ಲಿ ಹೇರಳ. ಹೊಲದ ದಾರಿಯಲ್ಲಿ ನೂರು ಗಜ ನಡೆಸುವಷ್ಟರಲ್ಲಿ ಅದು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಚಕ್ರವೇ ತಿರುಗದಂತಾಗುತ್ತದೆ. ಆಗ ಆಕ್ಸಿಲರೇಟರನ್ನು ತಿರುವಿ ಗುದ್ದಾಡುವವನು ಕ್ಲಚ್ ಪ್ಲೇಟನ್ನು ಸುಟ್ಟುಕೊಳ್ಳುತ್ತಾನೆ. ಅನುಭವಸ್ಥನು ಸುಮ್ಮನೆ ಇಳಿದು, ತೊಗರಿಯ ಕಟ್ಟಿಗೆಯೊಂದನ್ನು ಮುರಿದು ಮಣ್ಣನ್ನು ಕೆದಕಿ ತೆಗೆಯುತ್ತಾನೆ. ಮನೆಗೆ ಬಂದಮೇಲೆ ಅದು ಒಣಗುವ ಮುನ್ನವೇ ತೊಳೆಯಬೇಕು. ಒಣಗಿದ ಎರೆ ಕಲ್ಲಿನಂತಾಗಿ ಬ್ರೇಕಿನ ಸರಳು, ಸೈಡ್ ಸ್ಟ್ಯಾಂಡಿನ ಕೀಲು, ಚೈನಿನ ಸಂದುಗಳನ್ನು ಹಿಡಿದುಬಿಡುತ್ತದೆ. ತೊಳೆಯುವಾಗಲೂ ಎಚ್ಚರ ಬೇಕು: ಜೋರಾದ ನೀರಿನ ಧಾರೆಯನ್ನು ಚಕ್ರದ ಬೇರಿಂಗಿಗೆ ನೇರವಾಗಿ ಹಿಡಿದರೆ ಒಳಗಿನ ಗ್ರೀಸು ಹೊರಬಿದ್ದು ನೀರು ಅಲ್ಲಿ ಮನೆಮಾಡುತ್ತದೆ.

ಚೈನು ಈ ಸೀಮೆಯಲ್ಲಿ ಹೆಚ್ಚಾಗಿ ಕೆಡುವ ಅಂಗ, ಹೆಚ್ಚಾಗಿ ಅಲಕ್ಷ್ಯಕ್ಕೊಳಗಾಗುವ ಅಂಗವೂ ಹೌದು. ಹಿಂದಿನವರು ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕದೆ ದೂರದ ಜಾತ್ರೆಗೆ ಹೊರಡುತ್ತಿರಲಿಲ್ಲ. ಎತ್ತುಗಳಿಗಿಂತ ಮೊದಲು ಅಚ್ಚನ್ನು ನೋಡುತ್ತಿದ್ದರು. ಅವರ ಮೊಮ್ಮಕ್ಕಳು ಆಯುಧಪೂಜೆಯ ದಿನ ಹ್ಯಾಂಡಲಿಗೆ ಚೆಂಡುಹೂವಿನ ಮಾಲೆ ಹಾಕಿ ಚಕ್ರದಡಿ ನಿಂಬೆಹಣ್ಣು ಇಡುವುದನ್ನು ಮರೆಯುವುದಿಲ್ಲ, ಚೈನಿಗೆ ಎಣ್ಣೆ ಬಿಡುವುದನ್ನು ಮಾತ್ರ ಮರೆಯುತ್ತಾರೆ! 500 ಕಿಲೋಮೀಟರಿಗೊಮ್ಮೆಯಾದರೂ, ಮಳೆಗಾಲದಲ್ಲಿ ಅದಕ್ಕೂ ಬೇಗ, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಚೈನನ್ನು ಒರೆಸಿ, ಒಣಗಿದ ಮೇಲೆ 90ನೆಯ ನಂಬರಿನ ಗೇರ್ ಆಯಿಲನ್ನು ಒಳಭಾಗಕ್ಕೆ ಹನಿಹನಿಯಾಗಿ ಬಿಡಬೇಕು. ಎಂಜಿನ್ ಓಡುತ್ತಿರುವಾಗ ಮಾತ್ರ ಈ ಕೆಲಸ ಕೂಡದು. ಬೆರಳು ಚೈನಿಗೂ ಹಲ್ಲಿನ ಚಕ್ರಕ್ಕೂ ನಡುವೆ ಸಿಕ್ಕಿಕೊಂಡರೆ ತಿರುಗಿ ಬರುವುದಿಲ್ಲ. ಚಕ್ರವನ್ನು ಕೈಯಿಂದಲೇ ತಿರುಗಿಸಬೇಕು.

ಬಿಗಿಮಾಡುವುದರಲ್ಲಿ ಇನ್ನೊಂದು ತಪ್ಪು ಕಲ್ಪನೆಯುಂಟು. ಗ್ಯಾರೇಜಿಗೆ ಬರುವ ಹಿರಿಯರಿಗೂ ಅಲ್ಲಿಯ ಉಸ್ತಾದನಿಗೂ ನಡೆಯುವ ಸಂಭಾಷಣೆ ಬಹುತೇಕ ಒಂದೇ ಬಗೆಯದು.

"ಚೈನ್ ಭಾಳ ಸಡ್ಲ ಆಗ್ಯಾದ, ಜಗ್ಗಿ ಬಿಗಿ ಮಾಡಪಾ."

"ಅಷ್ಟ್ ಬಿಗಿ ಬ್ಯಾಡ್ರಿ ಕಾಕಾ. ಹಿಂದ ಕಾಕು ಕೂಡ್ತಾರ, ಮ್ಯಾಲೆ ಚೀಲ ಇಡ್ತೀರಿ. ಆಗ ತಾನೇ ಬಿಗಿ ಆಗ್ತದ."

ಉಸ್ತಾದನು ಪುಸ್ತಕ ಓದಿ ಹೇಳಿದ ಮಾತಲ್ಲ. ಆದರೆ ಪುಸ್ತಕದ ಮಾತೂ ಅದೇ. ಹೊರೆ ಬಿದ್ದಾಗ ಹಿಂದಿನ ಚಕ್ರವನ್ನು ಹಿಡಿದ ತೋಳು ಮೇಲಕ್ಕೆ ಸರಿಯುತ್ತದೆ. ಗೇರಿನ ಕಡೆಯ ಸಣ್ಣ ಹಲ್ಲಿನ ಚಕ್ರ, ತೋಳಿನ ಕೀಲು, ಹಿಂದಿನ ಚಕ್ರದ ಅಚ್ಚು ಈ ಮೂರೂ ಒಂದು ಗೆರೆಯಲ್ಲಿ ಬಂದಾಗ ಎರಡು ಹಲ್ಲಿನ ಚಕ್ರಗಳ ನಡುವಣ ದೂರ ಅತ್ಯಧಿಕ. ಖಾಲಿ ನಿಂತಾಗಲೇ ತಂತಿಯಂತೆ ಬಿಗಿದ ಚೈನು ಆ ಹೊತ್ತಿಗೆ ಹಿಗ್ಗಿ, ಇಲ್ಲವೇ ಹರಿದು, ಇಲ್ಲವೇ ಗೇರ್‌ಪೆಟ್ಟಿಗೆಯ ಬೇರಿಂಗನ್ನು ತಿಂದು ಸೇಡು ತೀರಿಸಿಕೊಳ್ಳುತ್ತದೆ. ಕೆಳಗಿನ ಎಳೆಯ ಮಧ್ಯದಲ್ಲಿ ಬೆರಳಿಟ್ಟು ಮೇಲೆ ಕೆಳಗೆ ಆಡಿಸಿದರೆ ಸಾಮಾನ್ಯ 100 ಸಿ.ಸಿ. ಗಾಡಿಗಳಲ್ಲಿ ಸುಮಾರು 25ರಿಂದ 30 ಮಿಲಿಮೀಟರು ಆಡಬೇಕು. ಆಯಾ ಗಾಡಿಯ ನಿಖರ ಲೆಕ್ಕ ಅದರ ಕೈಪಿಡಿಯಲ್ಲಿರುತ್ತದೆ. ಸವೆದ ಚೈನು ಒಂದೆಡೆ ಬಿಗಿ, ಒಂದೆಡೆ ಸಡಿಲ; ಆದ್ದರಿಂದ ಚಕ್ರವನ್ನು ತಿರುಗಿಸಿ ಮೂರು ನಾಲ್ಕು ಕಡೆ ನೋಡಿ, ಬಿಗಿಯಾದ ಸ್ಥಳದಲ್ಲಿ ಅಳೆಯುವುದು ಜಾಣತನ. ಚೈನಿನ ಲಾಕಿನ ಬಾಯಿ ಓಟದ ದಿಕ್ಕಿಗೆ ಬೆನ್ನು ಮಾಡಿರಬೇಕು. ಉಲ್ಟಾ ಹಾಕಿದ ಲಾಕು ಕಲ್ಲಿಗೆ ತಾಗಿ ಹಾರಿಹೋಗುವುದುಂಟು.

ಮಾಗಿ ಬಂದು ತೊಗರಿಯ ರಾಶಿ ಆರಂಭವಾದರೆ ಧೂಳಿನ ಕಾಲ. ಯಂತ್ರಗಳು ತೊಗರಿಯನ್ನು ಒಕ್ಕುವಾಗ ಏಳುವ ಹೊಟ್ಟು ಗಾಡಿಯ ಏರ್ ಫಿಲ್ಟರನ್ನು ತುಂಬುತ್ತದೆ. ಉಸಿರು ಕಟ್ಟಿದ ಎಂಜಿನ್ ಪೆಟ್ರೋಲನ್ನು ಹೆಚ್ಚು ಕುಡಿದು ಕೆಲಸವನ್ನು ಕಡಿಮೆ ಮಾಡುತ್ತದೆ. ಸ್ಪಂಜಿನ ಫಿಲ್ಟರನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹಿಂಡಿ, ಒಣಗಿಸಿ, ಸ್ವಲ್ಪ ಎಣ್ಣೆ ಸವರಿ ಹಾಕಬಹುದು. ಕಾಗದದ ಫಿಲ್ಟರನ್ನು ತೊಳೆಯಬಾರದು. ತಟ್ಟಿ ಧೂಳು ಕೊಡವಬೇಕು, ಇಲ್ಲವೇ ಬದಲಿಸಬೇಕು. ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ನೋಡಿದರೆ ಒಳಗಿನ ಸ್ಥಿತಿ ವೈದ್ಯನಿಗೆ ನಾಲಿಗೆ ತೋರಿಸಿದಂತೆ ತಿಳಿಯುತ್ತದೆ. ತುದಿ ತಿಳಿಗಂದಾಗಿದ್ದರೆ ಆರೋಗ್ಯ. ಕಪ್ಪು ಮಸಿ ಕಟ್ಟಿದ್ದರೆ ಗಾಳಿ ಕಡಿಮೆ. ಬೆಳ್ಳಗೆ ಸುಟ್ಟಂತಿದ್ದರೆ ಶಾಖ ಅತಿಯಾಗಿದೆ.

ಈ ಮೂರು ತಾಲ್ಲೂಕುಗಳ ಜನಕ್ಕೆ ದೂರಪ್ರಯಾಣದ ನೆಪಗಳು ಬೇಕಾದಷ್ಟಿವೆ. ಆಳಂದದಲ್ಲಿ ಲಾಡ್ಲೆ ಮಶಾಯಿಖರ ದರ್ಗಾ. ಆಳಂದದ ದಾರಿಯ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ. ಅಫಜಲಪುರ ತಾಲ್ಲೂಕಿನಲ್ಲಿ ಭೀಮಾ–ಅಮರ್ಜಾ ಸಂಗಮದ ಗಾಣಗಾಪುರ, ಅಲ್ಲಿಯ ದತ್ತಾತ್ರೇಯನ ನಿರ್ಗುಣ ಪಾದುಕೆ. ಭೀಮೆಯ ದಡದಲ್ಲಿಯೇ ಘತ್ತರಗಿಯ ಭಾಗ್ಯವಂತಿ. ಅಮರ್ಜೆ ಆಳಂದದ ಕಡೆಯಿಂದಲೇ ಹರಿದು ಬರುವುದರಿಂದ, ಆಳಂದದವನು ಗಾಣಗಾಪುರಕ್ಕೆ ಹೋಗುವುದೆಂದರೆ ತನ್ನೂರಿನ ಹೊಳೆಯ ಹಿಂದೆ ಹೋದಂತೆಯೇ. ಇನ್ನು ಗಡಿಯಾಚೆಗೆ ಅಕ್ಕಲಕೋಟೆ, ತುಳಜಾಪುರ, ಪಂಢರಪುರ. ಉದ್ಯೋಗಕ್ಕಾಗಿ ಪುಣೆಗೋ ಹೈದರಾಬಾದಿಗೋ ಹೋದ ಮಕ್ಕಳು ಹಬ್ಬಕ್ಕೆ ಅದೇ ಗಾಡಿಯ ಮೇಲೆ ಊರಿಗೆ ಬರುತ್ತಾರೆ. ಅವರು ಬಂದು ಗಾಡಿ ನಿಲ್ಲಿಸಿದ ಸದ್ದು ಕೇಳುವವರೆಗೆ ಮನೆಯಲ್ಲಿ ತಾಯಿ ನಿದ್ದೆಮಾಡುವುದಿಲ್ಲ.

ಅಂಥ ಪಯಣಕ್ಕೆ ಸಿದ್ಧತೆ ಹಿಂದಿನ ರಾತ್ರಿ ಅಲ್ಲ, ವಾರದ ಮೊದಲೇ ಆಗಬೇಕು. ಹೊಸ ಭಾಗ ಹಾಕಿದ ಮರುದಿನವೇ ಮುನ್ನೂರು ಕಿಲೋಮೀಟರು ಹೊರಡುವುದು ಅವಿವೇಕ. ಹಾಕಿದ್ದು ಸರಿಯಾಗಿ ಕೂತಿದೆಯೇ ಎಂಬುದನ್ನು ಊರ ಸುತ್ತ ಓಡಿಸಿಯೇ ತಿಳಿಯಬೇಕು. ಎಂಜಿನ್ ಆಯಿಲನ್ನು ಎಂಜಿನ್ ಬೆಚ್ಚಗಿರುವಾಗ ಇಳಿಸಿದರೆ ಕಸರೆಲ್ಲ ಹೊರಬರುತ್ತದೆ. ಅಳೆಯುವಾಗ ಗಾಡಿ ಸಮನೆಲದಲ್ಲಿ ನೆಟ್ಟಗೆ ನಿಂತಿರಬೇಕು. ಸೈಡ್ ಸ್ಟ್ಯಾಂಡಿನ ಮೇಲೆ ಓರೆಯಾಗಿ ನಿಂತಾಗ ಕಂಡದ್ದು ಸುಳ್ಳು ಅಳತೆ. ಇಳಿಸಿದ ಎಣ್ಣೆಯನ್ನು ಹೊಲಕ್ಕೋ ಬಾವಿಯ ಬಳಿಗೋ ಚೆಲ್ಲುವುದು ನೆಲಕ್ಕೂ ನೀರಿಗೂ ವಿಷ.

ಚೀಲದಲ್ಲಿ ಪ್ಲಗ್ ಬಿಚ್ಚುವ ಪಾನಾ, 10, 12, 14, 17ರ ಪಾನಾಗಳು, ಪಕ್ಕಡ್, ಒಂದು ಪ್ಲಗ್ಗು, ಚೈನಿನ ಲಾಕು, ಫ್ಯೂಸು, ತುಂಡು ತಂತಿ, ಟೇಪು ಇದ್ದರೆ ಸಾಕು. ಕ್ಲಚ್ಚಿನ ಬದಲಿ ಕೇಬಲನ್ನು ಚೀಲದಲ್ಲಿಡುವ ಬದಲು ಹಳೆಯ ಕೇಬಲಿನ ಪಕ್ಕದಲ್ಲಿಯೇ ಹಾಯಿಸಿ ಕಟ್ಟಿಡುವ ಉಪಾಯ ಮೆಚ್ಚತಕ್ಕದ್ದು. ಹಳೆಯದು ಹರಿದಾಗ ಟ್ಯಾಂಕು ಬಿಚ್ಚುವ ಪ್ರಸಂಗವಿಲ್ಲ, ಎರಡು ತುದಿ ಸಿಕ್ಕಿಸಿದರಾಯಿತು.

ಜಾಲಿಮುಳ್ಳಿಗೆ ಈ ಸೀಮೆಯಲ್ಲಿ ಬರವಿಲ್ಲ. ಪಂಕ್ಚರ್ ತಿದ್ದಿದ ಮೇಲೆ ಟಯರಿನ ಒಳಮೈಯನ್ನು ಮೆಲ್ಲಗೆ ಕೈಯಾಡಿಸಿ ನೋಡದೆ ಟ್ಯೂಬನ್ನು ಸೇರಿಸಿದರೆ, ಒಳಗೆ ಉಳಿದ ಮುಳ್ಳಿನ ತುದಿ ಹತ್ತು ಕಿಲೋಮೀಟರಿನೊಳಗೆ ಮತ್ತೊಮ್ಮೆ ಚುಚ್ಚುತ್ತದೆ. ವೈಶಾಖದಲ್ಲಿ ಉಷ್ಣಾಂಶ 42 ಡಿಗ್ರಿ ಮುಟ್ಟುವ ಕಾಲಕ್ಕೆ ಗಾಳಿಯ ಒತ್ತಡವನ್ನು ಬೆಳಗಿನ ತಂಪಿನಲ್ಲಿಯೇ ಅಳೆಯಬೇಕು. ಓಡಿ ಕಾದ ಟಯರಿನ ಒತ್ತಡ ಹೆಚ್ಚು ತೋರುವುದು ಸಹಜ; ಅದನ್ನು ಕಂಡು ಗಾಳಿ ಬಿಡುವವರು ತಣಿದ ಮೇಲೆ ಮೆತ್ತಗಿನ ಟಯರಿನ ಮೇಲೆ ಸವಾರಿ ಮಾಡುತ್ತಾರೆ.

ಕಾಲ ಬದಲಾದಂತೆ ಕೈಗೆಟಕುವ ಕೆಲಸವೂ ಬದಲಾಗಿದೆ. 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬೀಳತೊಡಗಿದ ಗಾಡಿಗಳಲ್ಲಿ ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕಾಗಿತ್ತು. ಕಿಕ್ ಹೊಡೆಯುವ ಸರಳೇ ಮಡಚಿದರೆ ಗೇರಿನ ಸರಳಾಗುತ್ತಿತ್ತು. ಆ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅದರ ಗಾಡಿಗಳನ್ನು ಸ್ವತಃ ಬಿಚ್ಚಿ ಜೋಡಿಸಿ ಓಡಿಸುವ ಅಭಿಮಾನಿಗಳು ಉಳಿದಿದ್ದಾರೆ. 2020ರ ಏಪ್ರಿಲ್‌ನಿಂದ ಬಿ.ಎಸ್. 6 ನಿಯಮ ಬಂದ ಮೇಲೆ ಹೆಚ್ಚಿನ ಗಾಡಿಗಳಲ್ಲಿ ಕಾರ್ಬುರೇಟರಿನ ಜಾಗಕ್ಕೆ ಇಂಜೆಕ್ಟರು ಬಂದಿದೆ. ಜೆಟ್ಟನ್ನು ಬಾಯಿಂದ ಊದಿ ಗಾಡಿಯನ್ನು ಬದುಕಿಸುತ್ತಿದ್ದ ಉಸ್ತಾದನು ಈಗ ಮಿನುಗುವ ದೀಪವನ್ನು ಎಣಿಸಿ ದೋಷವನ್ನು ಓದಬೇಕು. ಇಂಥ ಗಾಡಿಯಲ್ಲಿ ಬ್ಯಾಟರಿ ಪೂರ್ತಿ ಸತ್ತರೆ ತಳ್ಳಿದರೂ ಹೊತ್ತುವುದು ಕಷ್ಟ. ಹೊರಡುವ ಮುನ್ನ ಅದರ ತುದಿಗಳನ್ನು ಒರೆಸಿ ಬಿಗಿಮಾಡುವುದು ಯಾರಿಗೂ ಸಾಧ್ಯವಾದ ಕೆಲಸ. ಪೆಟ್ರೋಲಿನಲ್ಲಿ ಈಗ ಶೇಕಡಾ 20ರವರೆಗೆ ಎಥನಾಲ್ ಬೆರೆಯುತ್ತಿದೆ. ಕಬ್ಬು ಬೆಳೆಯುವವನ ಟ್ಯಾಂಕಿಗೆ ಕಬ್ಬೇ ಹಿಂತಿರುಗಿ ಬಂದ ಸೋಜಿಗ! ಆದರೆ ಎಥನಾಲ್ ನೀರನ್ನು ಹೀರುವ ದ್ರವ. ಹಳೆಯ ಗಾಡಿಯ ರಬ್ಬರು ಕೊಳವೆಗಳನ್ನು ಆಗಾಗ ಬಗ್ಗಿಸಿ ಬಿರುಕು ನೋಡಬೇಕು. ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯ ಪೆಟ್ರೋಲನ್ನು ನಂಬಬಾರದು.

ಅಫಜಲಪುರದಿಂದ ಜೇವರ್ಗಿಗೆ ಹೋಗಬೇಕಾದರೂ, ಕಲಬುರಗಿಯಿಂದ ಹೋಗಬೇಕಾದರೂ ನಡುವೆ ಭೀಮೆ ಅಡ್ಡವಾಗುತ್ತಾಳೆ. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಜಲಾಶಯಗಳಿಂದ ನೀರು ಬಿಟ್ಟಾಗ ಅವಳು ಹೊಲ, ಮನೆ, ಸೇತುವೆಗಳೆಂಬ ಭೇದವೆಣಿಸಲಿಲ್ಲ. ನೀರು ಹರಿಯುತ್ತಿರುವ ಸೇತುವೆಯ ಮೇಲೆ ಗಾಡಿಯನ್ನು ನುಗ್ಗಿಸುವ ಧೈರ್ಯಕ್ಕೆ ಧೈರ್ಯವೆಂಬ ಹೆಸರು ಸಲ್ಲದು. ಹಳ್ಳದ ಸಣ್ಣ ನೀರಿನಲ್ಲಿ ಎಂಜಿನ್ ನಿಂತುಹೋದರೂ ಕೂಡಲೇ ಕಿಕ್ ಹೊಡೆಯಬಾರದು. ಒಳಗೆ ನೀರು ಹೊಕ್ಕಿದ್ದರೆ ಪಿಸ್ಟನ್ನು ಅದನ್ನು ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಗಾಡಿಯನ್ನು ದಡಕ್ಕೆ ತಳ್ಳಿ, ಪ್ಲಗ್ಗು ಬಿಚ್ಚಿ, ಮೆಲ್ಲಗೆ ಕಿಕ್ ಒತ್ತಿ ನೀರನ್ನು ಹೊರಹಾಕಿ, ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದೆಯೇ ಎಂದು ನೋಡಬೇಕು. ತಿರುಗಿದ್ದರೆ ಎಣ್ಣೆ ಬದಲಿಸದೆ ಓಡಿಸುವಂತಿಲ್ಲ. ನೀರಿನಿಂದ ಹೊರಬಂದ ಬ್ರೇಕು ಕೆಲವು ಹೊತ್ತು ಹಿಡಿಯುವುದೇ ಇಲ್ಲ. ನಿಧಾನವಾಗಿ ಓಡಿಸುತ್ತ ಮೆಲ್ಲಮೆಲ್ಲನೆ ಒತ್ತಿ ಅದನ್ನು ಒಣಗಿಸಿಕೊಂಡು ಹೋಗಬೇಕು. ಕಟ್ಟಿಸಂಗಾವಿಯ ಸೇತುವೆಯನ್ನು ದಾಟಿ ಜೇವರ್ಗಿಯ ಕಡೆಗೆ ಹೊರಳುವ ಹೆದ್ದಾರಿಯಲ್ಲಿ ಲಾರಿಗಳ ಸಾಲು ದೊಡ್ಡದು. ಹಿಂದೆ ಕುಳಿತವರಿಗೂ ಶಿರಸ್ತ್ರಾಣವಿದೆಯೇ, ಸೀರೆಯ ಸೆರಗು ಚಕ್ರಕ್ಕೆ ಸಿಕ್ಕದಂತೆ ಮಡಿಲಿಗೆ ಸೇರಿದೆಯೇ, ಹಿಂದಿನ ಕೆಂಪು ದೀಪ ಉರಿಯುತ್ತಿದೆಯೇ ಎಂದು ಸವಾರನು ಸೇತುವೆಯ ಈಚೆಗೇ ಒಮ್ಮೆ ಇಳಿದು ನೋಡಿಕೊಳ್ಳುತ್ತಾನೆ. ಅನಂತರ ಕಿಕ್ ಹೊಡೆಯುತ್ತಾನೆ.