ಕಡಲೆ ಹಿಟ್ಟಿನ ಕಡಲೂರು ಲೆಸ್ತಾಕ್

ಮಾರ್ಸೇಲ್ಸ್ ಎಂಬ ಹೆಸರು ಭಾರತದ ವಿದ್ಯಾರ್ಥಿಗಳಿಗೆ ಹೊಸತಲ್ಲ. 1910ರ ಜುಲೈ 8ರಂದು ವಿನಾಯಕ ದಾಮೋದರ ಸಾವರ್ಕರ್ ಬ್ರಿಟಿಷರ ಹಡಗಿನ ಕಿಂಡಿಯಿಂದ ನೀರಿಗೆ ಧುಮುಕಿ ಈಜಿ ದಡ ಸೇರಿದ್ದು ಫ್ರಾನ್ಸ್ ದೇಶದ ಈ ಬಂದರಿನಲ್ಲಿಯೇ. ಸುಮಾರು 2,600 ವರ್ಷಗಳ ಹಿಂದೆ ಗ್ರೀಕ್ ನಾವಿಕರು ಕಟ್ಟಿದ ಈ ನಗರ ಇಂದು ಮೆಡಿಟರೇನಿಯನ್ ತೀರದ ದೊಡ್ಡ ಬಂದರುಗಳಲ್ಲೊಂದು. ಹಡಗು, ಗೋದಾಮು, ಕ್ರೇನು, ವಾಹನಗಳ ಗದ್ದಲದಿಂದ ಕೂಡಿದ ಊರು.

ಆದರೆ ಇದೇ ಮಾರ್ಸೇಲ್ಸಿನ ವಾಯವ್ಯ ತುದಿಯಲ್ಲಿ, ಬಂದರಿನ ಗದ್ದಲ ಮುಗಿದು ಸುಣ್ಣಕಲ್ಲಿನ ಬೆಟ್ಟಸಾಲು ಶುರುವಾಗುವ ಜಾಗದಲ್ಲಿ, ಲೆಸ್ತಾಕ್ ಎಂಬ ಪುಟ್ಟ ಉಪನಗರವಿದೆ. ಲೆಕ್ಕಕ್ಕೆ ಅದು ಮಾರ್ಸೇಲ್ಸ್ ನಗರದ 16ನೇ ವಿಭಾಗದ ಒಂದು ಬಡಾವಣೆ. ನೋಡುವುದಕ್ಕೆ ಮಾತ್ರ ತನ್ನ ಪಾಡಿಗೆ ತಾನಿರುವ ಒಂದು ಹಳ್ಳಿ. ಬೆಟ್ಟದ ಇಳಿಜಾರಿನಲ್ಲಿ ಒಂದರ ಮೇಲೊಂದು ಏರಿ ಕುಳಿತ ಮನೆಗಳು, ಇಬ್ಬರು ಎದುರುಬದುರಾದರೆ ಒಬ್ಬರು ಸರಿದು ನಿಲ್ಲಬೇಕಾದ ಓಣಿಗಳು, ಮೆಟ್ಟಿಲುಗಳು, ಕೆಳಗೆ ಸಾಲಾಗಿ ಕಟ್ಟಿದ ದೋಣಿಗಳು. ಅಲ್ಲಿನ ಪ್ರೊವಾನ್ಸಾಲ್ ಭಾಷೆಯಲ್ಲಿ 'ಎಸ್ತಾಕೊ' ಎಂದರೆ ದೋಣಿ ಕಟ್ಟುವ ಗೂಟ. ಊರಿನ ಹೆಸರು ಬಂದದ್ದು ಆ ಗೂಟದಿಂದ ಎನ್ನುತ್ತಾರೆ.

ಲೆಸ್ತಾಕಿಗೆ ಹೋದವರು ಮಾಡುವುದು ಹೆಚ್ಚೇನೂ ಇಲ್ಲ. ದೋಣಿಕಟ್ಟೆಯ ಮೇಲೆ ನಡೆಯುತ್ತಾರೆ, ಓಣಿಗಳನ್ನು ಹತ್ತಿ ಇಳಿಯುತ್ತಾರೆ, ಕಾಗದದ ಪೊಟ್ಟಣ ಹಿಡಿದು ಬಿಸಿ ಬಿಸಿ ತಿಂಡಿ ತಿನ್ನುತ್ತ ಸಮುದ್ರ ನೋಡುತ್ತಾರೆ. ಇಷ್ಟಕ್ಕೇ ಅಲ್ಲಿಗೆ ಹೋಗಬೇಕೆ ಎಂದು ಕೇಳಬಹುದು. ಆ ತಿಂಡಿ ಯಾವುದು, ಅದು ಅಲ್ಲಿಗೆ ಬಂದದ್ದು ಹೇಗೆ ಎಂದು ವಿಚಾರಿಸಿದರೆ ಉತ್ತರ ಸಿಗುತ್ತದೆ.

ಏರಿಳಿತ ಕಾಣದ ಕಡಲು

ಕಾರವಾರ, ಮಲ್ಪೆಗಳ ಸಮುದ್ರ ಕಂಡವರಿಗೆ ಇಲ್ಲಿ ಮೊದಲು ಅಚ್ಚರಿ ಹುಟ್ಟಿಸುವುದು ನೀರಿನ ಮಟ್ಟ. ಕರಾವಳಿ ಕರ್ನಾಟಕದಲ್ಲಿ ಭರತ ಇಳಿತಗಳ ನಡುವಿನ ಅಂತರ ಒಂದೆರಡು ಮೀಟರ್ ಇರುತ್ತದೆ. ಲೆಸ್ತಾಕಿನಲ್ಲಿ ಅದು ಕೆಲವೇ ಹತ್ತು ಸೆಂಟಿಮೀಟರುಗಳು. ಮೆಡಿಟರೇನಿಯನ್ ಸಮುದ್ರ ಬಹುಪಾಲು ಭೂಮಿಯಿಂದ ಸುತ್ತುವರಿದಿದ್ದು, ಅಟ್ಲಾಂಟಿಕ್ ಸಾಗರದೊಂದಿಗೆ ಸೇರುವುದು ಜಿಬ್ರಾಲ್ಟರಿನ ಕಿರಿದಾದ ಬಾಗಿಲಿನಲ್ಲಿ ಮಾತ್ರ. ಮಹಾಸಾಗರದ ಭರತ ಆ ಬಾಗಿಲಿನಲ್ಲಿ ನುಗ್ಗಿ ಬರಲಾರದು. ಆದ್ದರಿಂದಲೇ ಇಲ್ಲಿ ಮನೆ, ಅಂಗಡಿ, ದೋಣಿ ಎಲ್ಲವೂ ನೀರಿಗೆ ಅಂಟಿಕೊಂಡೇ ಇರಬಲ್ಲವು. ಸಮುದ್ರಮಟ್ಟದಿಂದ ಇಷ್ಟು ಎತ್ತರ ಎಂದು ಫ್ರಾನ್ಸಿನ ಬೆಟ್ಟಗಳನ್ನು ಅಳೆಯಲು ಆಧಾರವಾದ ಸೊನ್ನೆ ಮಟ್ಟವನ್ನು ಗೊತ್ತುಪಡಿಸಿದ್ದು ಕೂಡ ಇದೇ ಮಾರ್ಸೇಲ್ಸ್ ನಗರದಲ್ಲಿ. 1885ರಿಂದ 1897ರವರೆಗೆ ನೀರಿನ ಮಟ್ಟವನ್ನು ಅಳೆದು ಸರಾಸರಿ ತೆಗೆದು.

ಬೇಸಿಗೆಯಲ್ಲಿ ಈ ಶಾಂತ ನೀರಿನ ಮೇಲೆ ಒಂದು ಆಟ ನಡೆಯುತ್ತದೆ. ಎರಡು ದೋಣಿಗಳು ಎದುರುಬದುರಾಗಿ ಬರುತ್ತವೆ. ಒಂದೊಂದರ ಹಿಂಬದಿಯ ಎತ್ತರದ ಅಟ್ಟಣೆಯ ಮೇಲೆ ಉದ್ದನೆಯ ಕೋಲು ಹಿಡಿದ ಆಟಗಾರ. ಎದುರಾಳಿಯನ್ನು ತಿವಿದು ನೀರಿಗೆ ಕೆಡವಿದವನೇ ಗೆದ್ದವನು. ಸೋತವನು ಈಜಿಕೊಂಡು ಬರುತ್ತಾನೆ, ದಡದ ಮೇಲಿನ ಮಕ್ಕಳು ಕೇಕೆ ಹಾಕುತ್ತಾರೆ.

ಪೊಟ್ಟಣದಲ್ಲಿ ಪನಿಸ್

ದೋಣಿಕಟ್ಟೆಯ ಉದ್ದಕ್ಕೂ ಪುಟ್ಟ ಗೂಡಂಗಡಿಗಳಿವೆ. ಅಲ್ಲಿಂದ ಬರುವ ಪರಿಮಳ ಕನ್ನಡಿಗರ ಕಾಲನ್ನು ಅಲ್ಲೇ ನಿಲ್ಲಿಸುತ್ತದೆ. ಅದು ಕಾದ ಎಣ್ಣೆಯಲ್ಲಿ ಕಡಲೆ ಹಿಟ್ಟು ಬೇಯುವ ವಾಸನೆ. ಸಂಜೆಯ ಬಜ್ಜಿ ಅಂಗಡಿಯ ಮುಂದೆ ಬರುತ್ತದಲ್ಲ, ಅದೇ.

ಇದರ ಹೆಸರು ಪನಿಸ್. ಮಾಡುವ ಕ್ರಮ ಬಜ್ಜಿಯದ್ದಲ್ಲ. ಕಡಲೆ ಹಿಟ್ಟನ್ನು ನೀರಿನಲ್ಲಿ ಕದಡಿ, ಉಪ್ಪು, ಒಂದಿಷ್ಟು ಆಲಿವ್ ಎಣ್ಣೆ ಹಾಕಿ, ಕೈ ಬಿಡದೆ ತಿರುವುತ್ತ ಮುದ್ದೆಯ ಹದಕ್ಕೆ ಬೇಯಿಸುತ್ತಾರೆ. ಅದನ್ನು ಕೊಳವೆಯಂಥ ಅಚ್ಚಿನಲ್ಲಿ ತುಂಬಿ ತಣಿಯಲು ಬಿಡುತ್ತಾರೆ. ಗಟ್ಟಿಯಾದ ಮೇಲೆ ಬಿಲ್ಲೆಗಳಾಗಿ ಕತ್ತರಿಸಿ ಎಣ್ಣೆಯಲ್ಲಿ ಕರಿದು, ಉಪ್ಪು, ಮೆಣಸಿನ ಪುಡಿ ಉದುರಿಸಿ ಕೊಡುತ್ತಾರೆ. ಹೊರಗೆ ಗರಿಗರಿ, ಒಳಗೆ ಬೆಣ್ಣೆಯಂತೆ ಮೆತ್ತಗೆ.

ಉತ್ತರ ಕರ್ನಾಟಕದವರಿಗೆ ಇಷ್ಟು ಹೇಳಿದರೆ ಸಾಕು. ಜುಣಕದ ವಡಿ ನೆನಪಾಗುತ್ತದೆ. ಅಲ್ಲಿಯೂ ಕಡಲೆ ಹಿಟ್ಟನ್ನು ನೀರಿನಲ್ಲಿ ಗಟ್ಟಿಯಾಗಿ ಬೇಯಿಸಿ, ತಟ್ಟೆಗೆ ಹರವಿ, ತಣಿದ ಮೇಲೆ ಕತ್ತರಿಸುವುದೇ ಕ್ರಮ. ವ್ಯತ್ಯಾಸವೆಂದರೆ ಜುಣಕಕ್ಕೆ ಒಗ್ಗರಣೆ, ಖಾರ, ಕೊತ್ತಂಬರಿ ಬೀಳುತ್ತವೆ. ಪನಿಸ್ ಮತ್ತೊಮ್ಮೆ ಎಣ್ಣೆಗೆ ಬೀಳುತ್ತದೆ.

ಎರಡೂ ಅಡುಗೆಮನೆಗಳಲ್ಲಿ ನಡೆಯುವ ವಿಜ್ಞಾನ ಒಂದೇ. ಹಿಟ್ಟಿನ ಪಿಷ್ಟದ ಕಣಗಳು ಸುಮಾರು 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನೀರು ಹೀರಿ ಉಬ್ಬುತ್ತವೆ. ತೆಳ್ಳಗಿದ್ದ ಹಿಟ್ಟು ಒಮ್ಮೆಗೇ ಗಟ್ಟಿಯಾಗುವುದು ಇದರಿಂದಲೇ. ತಣಿಯುವಾಗ ಪಿಷ್ಟದ ಉದ್ದನೆಯ ಅಣುಗಳು ಪರಸ್ಪರ ಹೆಣೆದುಕೊಂಡು ನೀರನ್ನು ತಮ್ಮ ಬಲೆಯೊಳಗೆ ಹಿಡಿದಿಡುತ್ತವೆ. ಆದ್ದರಿಂದಲೇ ಅದನ್ನು ಚಾಕುವಿನಿಂದ ಕತ್ತರಿಸಬಹುದು. 170-180 ಡಿಗ್ರಿಯ ಎಣ್ಣೆಗೆ ಬಿದ್ದಾಗ ಹೊರಮೈಯ ನೀರು ಆವಿಯಾಗಿ ಹೋಗುತ್ತದೆ, ಪ್ರೋಟೀನಿನ ಅಂಶ ಸಕ್ಕರೆಯೊಂದಿಗೆ ವರ್ತಿಸಿ ಹೊಂಬಣ್ಣವೂ ಪರಿಮಳವೂ ಹುಟ್ಟುತ್ತವೆ. ಈ ಕ್ರಿಯೆಯನ್ನು 1912ರಲ್ಲಿ ವಿವರಿಸಿದವನು ಫ್ರಾನ್ಸಿನವನೇ ಆದ ರಸಾಯನ ವಿಜ್ಞಾನಿ ಮೈಯಾರ್. ದೋಸೆ ಕೆಂಪಗಾಗುವುದರ ಗುಟ್ಟೂ ಇದೇ.

ಕಡಲೆ ಎರಡೂ ಕಡೆ ಇರುವುದು ಆಕಸ್ಮಿಕವಲ್ಲ. ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಇಂದಿನ ಟರ್ಕಿಯ ಆಗ್ನೇಯ ಭಾಗದಲ್ಲಿ ಮನುಷ್ಯ ಕಡಲೆಯನ್ನು ಬೇಸಾಯಕ್ಕೆ ಪಳಗಿಸಿದ. ಅಲ್ಲಿಂದ ಅದು ಪಶ್ಚಿಮಕ್ಕೆ ಮೆಡಿಟರೇನಿಯನ್ ತೀರಗಳಿಗೂ ಪೂರ್ವಕ್ಕೆ ಭಾರತಕ್ಕೂ ಹೋಯಿತು. ಅಲ್ಲಿ ದಪ್ಪ ಕಾಳಿನ ಬಿಳಿ ಕಾಬೂಲಿ ಕಡಲೆ, ಇಲ್ಲಿ ಸಣ್ಣ ಕಾಳಿನ ಕಂದು ದೇಸಿ ಕಡಲೆ. ಹೆಚ್ಚು ನೀರು ಬೇಡದ ಬೆಳೆ. ಮೆಡಿಟರೇನಿಯನ್ ಸೀಮೆಯ ಚಳಿಗಾಲದ ಮಳೆಗೂ ಸೈ, ಕಲಬುರ್ಗಿ, ಗದಗಗಳ ಎರೆಭೂಮಿಯಲ್ಲಿ ಉಳಿದ ತೇವಕ್ಕೂ ಸೈ. ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಕೊಡುವುದರಿಂದ ಗೊಬ್ಬರದ ಹಂಗೂ ಕಡಿಮೆ. ಕಾಳಿನಲ್ಲಿ ನೂರಕ್ಕೆ ಸುಮಾರು 20 ಭಾಗ ಪ್ರೋಟೀನು. ಮಾಂಸ ಕೊಳ್ಳಲಾಗದವನ ಹೊಟ್ಟೆ ತುಂಬಿಸಲು ಇದಕ್ಕಿಂತ ಅಗ್ಗದ ದಾರಿ ಎರಡೂ ದೇಶಗಳಲ್ಲಿ ಹೆಚ್ಚಿರಲಿಲ್ಲ.

ಪನಿಸ್ ಜೊತೆಗೆ ಇನ್ನೊಂದು ತಿಂಡಿಯೂ ಇಲ್ಲಿ ಪ್ರಸಿದ್ಧ. ಹೆಸರು ಶಿಶಿ ಫ್ರೇಜಿ. ಗೋಧಿ ಹಿಟ್ಟನ್ನು ಹುದುಗು ಬರಿಸಿ, ಕಿತ್ತಳೆ ಹೂವಿನ ನೀರಿನ ಪರಿಮಳ ಸೇರಿಸಿ, ಉದ್ದನೆಯ ದಪ್ಪ ಕೋಲಿನಂತೆ ಎಣ್ಣೆಗೆ ಬಿಟ್ಟು ಕರಿದು, ಸಕ್ಕರೆಯಲ್ಲಿ ಹೊರಳಿಸಿ ಕೊಡುತ್ತಾರೆ. ಒಬ್ಬರಿಗೆ ಒಂದು ಧಾರಾಳ.

ಕೆಂಪು ಹೆಂಚು, ನೀಲಿ ಕಡಲು

ಪನಿಸ್ ಲೆಸ್ತಾಕಿನಲ್ಲೇ ಹುಟ್ಟಿದ್ದಲ್ಲ. ಇಟಲಿಯ ಜಿನೋವಾ ಸೀಮೆಯಲ್ಲಿ ಇದರ ಅಣ್ಣ 'ಪನಿಸ್ಸಾ' ಇದೆ, ಸಿಸಿಲಿಯಲ್ಲಿ 'ಪನೆಲ್ಲೆ' ಇದೆ. ಇಲ್ಲಿಗೆ ಇದನ್ನು ತಂದವರು ಇಟಲಿಯಿಂದ ಕೂಲಿಗೆ ಬಂದ ಕುಟುಂಬಗಳು ಎಂದು ಹೇಳುತ್ತಾರೆ. ಅವರು ಬಂದದ್ದು ಸಮುದ್ರ ನೋಡಲು ಅಲ್ಲ, ಹೆಂಚಿನ ಕಾರ್ಖಾನೆಗಳಲ್ಲಿ ದುಡಿಯಲು.

ಲೆಸ್ತಾಕ್ ಮತ್ತು ಪಕ್ಕದ ಸಾಂತ್ ಹಾನ್ರಿ, ಸಾಂತ್ ಆಂದ್ರೆ ಬಡಾವಣೆಗಳ ನೆಲದಲ್ಲಿ ಒಳ್ಳೆಯ ಜೇಡಿಮಣ್ಣು ಇತ್ತು, ಎದುರಿಗೇ ಬಂದರು ಇತ್ತು. 19ನೇ ಶತಮಾನದಲ್ಲಿ ಇಲ್ಲಿ ಸಾಲು ಸಾಲು ಹೆಂಚಿನ ಗೂಡುಗಳು ಎದ್ದವು. ಒಂದರ ತೋಡಿಗೆ ಇನ್ನೊಂದರ ಅಂಚು ಕೂರುವ ಚಪ್ಪಟೆ ಹೆಂಚುಗಳು ಹಡಗು ಹತ್ತಿ ದೂರದೂರದ ದೇಶಗಳಿಗೆ ಹೋದವು. ಈ ಬಗೆಯ ಹೆಂಚಿಗೆ 1841ರಲ್ಲಿ ಹಕ್ಕುಪತ್ರ ಪಡೆದವರು ಫ್ರಾನ್ಸಿನ ಅಲ್ಸಾಸ್ ಪ್ರಾಂತದ ಗಿಲಾರ್ದೋನಿ ಸಹೋದರರು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದು ಸುಡತೊಡಗಿದ ಮಂಗಳೂರು ಹೆಂಚೂ ಇದೇ ಮನೆತನದ್ದು. ಎರಡರ ಕೆಂಪು ಬಣ್ಣಕ್ಕೂ ಕಾರಣ ಒಂದೇ. ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಗೂಡಿನ ಬೆಂಕಿಯಲ್ಲಿ ಆಮ್ಲಜನಕದೊಂದಿಗೆ ಸೇರಿ ಕೆಂಪು ಆಕ್ಸೈಡ್ ಆಗುತ್ತದೆ.

ಈ ಕೆಂಪು ಒಬ್ಬ ಚಿತ್ರಕಾರನ ಕಣ್ಣಿಗೆ ಬಿತ್ತು. ಹತ್ತಿರದ ಏಕ್ಸ್ ಊರಿನ ಪಾಲ್ ಸೆಜಾನ್ 1870ರ ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರುವುದನ್ನು ತಪ್ಪಿಸಿಕೊಂಡು ಇಲ್ಲಿ ಬಂದು ನೆಲೆಸಿದ. ಮುಂದೆ 1880ರ ದಶಕದವರೆಗೂ ಮತ್ತೆ ಮತ್ತೆ ಬಂದು ಈ ಕೊಲ್ಲಿಯನ್ನು ಚಿತ್ರಿಸಿದ. ನೀಲಿ ಕಡಲಿನ ಮೇಲೆ ಕೆಂಪು ಸೂರುಗಳು ಇಸ್ಪೀಟಿನ ಎಲೆಯಂತೆ ಕಾಣುತ್ತವೆ ಎಂದು 1876ರಲ್ಲಿ ಗೆಳೆಯ ಪಿಸಾರೋಗೆ ಪತ್ರ ಬರೆದ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿರುವ ಅವನ ಲೆಸ್ತಾಕ್ ಚಿತ್ರದಲ್ಲಿ ಹೊಗೆಯುಗುಳುವ ಚಿಮಣಿಯೂ ಇದೆ. ಸೊಬಗನ್ನು ಬರೆಯುವಾಗ ಅವನು ಹೊಗೆಯನ್ನು ಒರೆಸಿ ಹಾಕಲಿಲ್ಲ.

ಸೆಜಾನನ ದಾರಿ ಹಿಡಿದು ಜಾರ್ಜ್ ಬ್ರಾಕ್ ಬಂದ. 1908ರಲ್ಲಿ ಅವನು ಬರೆದ ಇಲ್ಲಿನ ಮನೆಗಳು ಪೆಟ್ಟಿಗೆ ಜೋಡಿಸಿದಂತಿದ್ದವು. ಎಲ್ಲವನ್ನೂ ಘನಾಕೃತಿಗೆ ಇಳಿಸಿದ್ದಾನೆಂದು ವಿಮರ್ಶಕನೊಬ್ಬ ಟೀಕಿಸಿದ. ಆ ಟೀಕೆಯಿಂದಲೇ ಕ್ಯೂಬಿಸಂ ಎಂಬ ಹೆಸರು ಹುಟ್ಟಿತು. ಲೆಸ್ತಾಕಿನ ಮೆಟ್ಟಿಲು ಹತ್ತಿ ಮೇಲಿನಿಂದ ನೋಡಿದರೆ ಅದು ಬ್ರಾಕ್ ಕಲ್ಪಿಸಿದ್ದಲ್ಲ, ಕಂಡದ್ದು ಎಂದು ತಿಳಿಯುತ್ತದೆ. ಚಿತ್ರಕಾರರು ನಿಂತ ಜಾಗಗಳನ್ನು ತೋರಿಸುವ ನಡಿಗೆಯ ದಾರಿಯೊಂದನ್ನು ಊರಿನಲ್ಲಿ ಗುರುತಿಸಿದ್ದಾರೆ.

ಬೆಟ್ಟದ ಹೊಟ್ಟೆಯಲ್ಲಿ

ಊರಿನ ಪಶ್ಚಿಮಕ್ಕೆ ಬೆಟ್ಟದಲ್ಲಿ ಒಂದು ದೊಡ್ಡ ಬಾಯಿ ಇದೆ. ಅದು ರೋವ್ ಸುರಂಗ. ರೈಲಿಗಾಗಿ ಅಲ್ಲ, ದೋಣಿಗಳಿಗಾಗಿ ಕೊರೆದದ್ದು. ಮಾರ್ಸೇಲ್ಸ್ ಬಂದರಿನಿಂದ ಬೆಟ್ಟದಾಚೆಯ ಬೆರ್ ಸರೋವರದ ಮೂಲಕ ರೋನ್ ನದಿಗೆ ಸರಕು ದೋಣಿಗಳು ಹೋಗಲೆಂದು 7 ಕಿಲೋಮೀಟರಿಗೂ ಉದ್ದ, 22 ಮೀಟರ್ ಅಗಲ ಕಲ್ಲು ಒಡೆದರು. 1911ರಲ್ಲಿ ಶುರುವಾದ ಕೆಲಸ ಮೊದಲ ಮಹಾಯುದ್ಧವನ್ನು ದಾಟಿ ನಡೆದು, 1927ರಲ್ಲಿ ಸುರಂಗ ತೆರೆಯಿತು. ಕೇವಲ 36 ವರ್ಷ ಕಳೆದು, 1963ರ ಜೂನ್ ತಿಂಗಳಲ್ಲಿ, ಒಳಗೆ ಒಂದು ಭಾಗ ಕುಸಿದು ದಾರಿ ಮುಚ್ಚಿಹೋಯಿತು. ಅಂದಿನಿಂದ ದೋಣಿ ಸಂಚಾರ ಮತ್ತೆ ಆರಂಭವಾಗಿಲ್ಲ. ಹದಿನಾರು ವರ್ಷಗಳ ಬೆವರು ಕತ್ತಲಲ್ಲಿ ನೀರು ತುಂಬಿಕೊಂಡು ನಿಂತಿದೆ.

ಹೆಂಚು, ಸಿಮೆಂಟು, ರಾಸಾಯನಿಕ ಕಾರ್ಖಾನೆಗಳ ಕಾಲವೂ ಮುಗಿಯಿತು. ಇಟಲಿ, ಸ್ಪೇನ್, ಅಲ್ಜೀರಿಯಾಗಳಿಂದ ಬಂದು ತಲೆಮಾರುಗಳ ಕಾಲ ದುಡಿದವರ ಮಕ್ಕಳಿಗೆ 20ನೇ ಶತಮಾನದ ಕೊನೆಗೆ ಕೆಲಸವೇ ಸಿಗದಂತಾಯಿತು. ಕಾರ್ಖಾನೆಗಳು ಬಿಟ್ಟುಹೋದ ಆರ್ಸೆನಿಕ್, ಸೀಸ ಬೆರೆತ ಮಣ್ಣನ್ನು ಶುದ್ಧ ಮಾಡುವ ಕೆಲಸ ವರ್ಷಗಟ್ಟಲೆ ಹಿಡಿಯಿತು. ಈ ಊರಿನಲ್ಲಿಯೇ ಹುಟ್ಟಿ ಬೆಳೆದ ರೊಬೇರ್ ಗೆದಿಗಿಯಾನ್ 1997ರಲ್ಲಿ ತೆಗೆದ 'ಮಾರಿಯುಸ್ ಎ ಜಾನೆತ್' ಚಲನಚಿತ್ರದಲ್ಲಿ ಕೆಡವುತ್ತಿರುವ ಸಿಮೆಂಟ್ ಕಾರ್ಖಾನೆಯೂ, ಅದರ ಪಕ್ಕದ ಓಣಿಯಲ್ಲಿ ಕುರ್ಚಿ ಹಾಕಿಕೊಂಡು ನಗುತ್ತ ಜಗಳವಾಡುತ್ತ ಬಾಳುವ ಬಡವರೂ ಇದ್ದಾರೆ.

ಇಂದು ಪ್ರವಾಸಿ ಮೆಚ್ಚುವ ಲೆಸ್ತಾಕಿನ ನಿರಾಳ ಹೊಗೆ ನಿಂತ ಮೇಲೆ ಬಂದದ್ದು. ಆದರೆ ಪೊಟ್ಟಣದಲ್ಲಿರುವ ತಿಂಡಿ ಹೊಗೆಯ ಕಾಲದ್ದು. ಗೂಡಿನ ಮುಂದೆ ದಿನವಿಡೀ ಮಣ್ಣು ಹೊತ್ತವನು ಕೆಲವು ಕಾಸಿಗೆ ಕೊಂಡು ತಿನ್ನುತ್ತಿದ್ದದ್ದನ್ನೇ ಇಂದು ರಜೆಗೆ ಬಂದವರು ಸಾಲಿನಲ್ಲಿ ನಿಂತು ಕೊಳ್ಳುತ್ತಾರೆ. ಹಿಟ್ಟು, ನೀರು, ಎಣ್ಣೆ, ಉಪ್ಪು. ಅವನಿಗೆ ಸಿಗುತ್ತಿದ್ದುದು ಅಷ್ಟೇ. ಅಷ್ಟರಲ್ಲೇ ಅವನು ರುಚಿಯನ್ನೂ ಹುಡುಕಿಕೊಂಡ. ಚಿಮಣಿಗಳು ಉರುಳಿದವು, ಸುರಂಗ ಕುಸಿಯಿತು, ರುಚಿ ಮಾತ್ರ ಉಳಿಯಿತು.

ಹೋಗುವವರಿಗೆ

ಪ್ಯಾರಿಸಿನಿಂದ ಮಾರ್ಸೇಲ್ಸಿಗೆ ವೇಗದ ರೈಲಿನಲ್ಲಿ ಮೂರು ಗಂಟೆಗಿಂತ ಸ್ವಲ್ಪ ಹೆಚ್ಚು. ಮಾರ್ಸೇಲ್ಸಿನ ಸಾಂತ್ ಶಾರ್ಲ್ ನಿಲ್ದಾಣದಿಂದ ಲೆಸ್ತಾಕಿಗೆ ಸ್ಥಳೀಯ ರೈಲು ಇದೆ. ಬೇಸಿಗೆಯ ತಿಂಗಳುಗಳಲ್ಲಿ ಹಳೇ ಬಂದರಿನಿಂದ ದೋಣಿಯಲ್ಲೂ ಹೋಗಬಹುದು. ಸೆಜಾನ್ ಬರೆದ ಕೊಲ್ಲಿಯನ್ನು ನೀರಿನ ಮೇಲಿಂದ ನೋಡಿದಂತಾಗುತ್ತದೆ. ಏಪ್ರಿಲ್‌ನಿಂದ ಜೂನ್, ಸೆಪ್ಟೆಂಬರಿನಿಂದ ಅಕ್ಟೋಬರ್ ಹಿತವಾದ ಕಾಲ. ಮಿಸ್ಟ್ರಾಲ್ ಎಂಬ ಉತ್ತರದ ಗಾಳಿ ಬೀಸಿದ ದಿನ ಟೋಪಿ ಭದ್ರ! ಸಸ್ಯಾಹಾರಿಗಳಿಗೆ ಪನಿಸ್, ಶಿಶಿ ಎರಡೂ ಅನುಕೂಲ. ಅದೇ ಎಣ್ಣೆಯಲ್ಲಿ ಮೀನನ್ನೂ ಕರಿಯುತ್ತಾರೆಯೇ ಎಂದು ಒಂದು ಮಾತು ಕೇಳಿಕೊಳ್ಳುವುದು ಒಳ್ಳೆಯದು.

ಅಷ್ಟು ದೂರ ಹೋಗಲಾಗದವರು ಮನೆಯಲ್ಲಿಯೇ ಮಾಡಿ ನೋಡಬಹುದು. ಕಾಲು ಕಿಲೋ ಕಡಲೆ ಹಿಟ್ಟಿಗೆ ಒಂದು ಲೀಟರ್ ನೀರು, ರುಚಿಗೆ ಉಪ್ಪು, ಒಂದು ಚಮಚ ಎಣ್ಣೆ. ಹಿಟ್ಟನ್ನು ತಣ್ಣೀರಿನಲ್ಲೇ ಕದಡಬೇಕು. ಬಿಸಿನೀರಿಗೆ ಸುರಿದರೆ ಹೊರಗಿನ ಪಿಷ್ಟ ಮೊದಲೇ ಉಬ್ಬಿ ಒಳಗೆ ಒಣ ಹಿಟ್ಟು ಉಳಿದು ಗಂಟಾಗುತ್ತದೆ. ಸಣ್ಣ ಉರಿಯಲ್ಲಿ ತಳ ಬಿಡುವವರೆಗೆ ತಿರುವಿ, ಎಣ್ಣೆ ಸವರಿದ ತಟ್ಟೆಗೆ ಸುರಿದು, ಪೂರ್ತಿ ತಣಿಯಲು ಬಿಡಬೇಕು. ತಿರುವುವ ಕೆಲಸ ಮಕ್ಕಳಿಗೆ, ಕರಿಯುವ ಕೆಲಸ ದೊಡ್ಡವರಿಗೆ. ಗಟ್ಟಿಯಾಗಲು ಕಾಯುವ ಹೊತ್ತಿನಲ್ಲಿ ಭೂಪಟ ತೆರೆದು ಲೆಸ್ತಾಕ್ ಎಲ್ಲಿದೆ ಎಂದು ಹುಡುಕಬಹುದು.